ಪರದೇಶಕ್ಕೆ ಹೋದವರು ಪರದೇಶಿಗಳಾಗದಿರಲಿ

ಕನ್ನಡದಲ್ಲಿ 'ಪರದೇಶಿ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಅನ್ಯದೇಶದವನು ಎಂಬುದು ಒಂದು. ಹೇಳುವವರು ಕೇಳುವವರಿಲ್ಲದ ಅನಾಥ ಎಂಬುದು ಇನ್ನೊಂದು. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿಕೊಂಡದ್ದು ಬರಿಯ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಊರಿನ ಗಡಿ ದಾಟಿದವನು ಎಷ್ಟೇ ಸಂಪಾದಿಸಲಿ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವವರಿಲ್ಲದಿದ್ದರೆ ಅವನು ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ಜಾರಿಬಿಡುತ್ತಾನೆ. ಆ ಜಾರುವಿಕೆಯನ್ನು ತಡೆಯುವುದು ಹೇಗೆಂಬುದೇ ಈ ವಾರದ ನಮ್ಮ ಚಿಂತನೆಯ ವಿಷಯ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ಕಡೆ ಜನರ ಬದುಕು ಹೊಗೆಸೊಪ್ಪು, ಭತ್ತ, ರಾಗಿ, ಶುಂಠಿಗಳನ್ನು ನೆಚ್ಚಿಕೊಂಡು ಬಂದಿದೆ. ದುಡಿಮೆಗಾಗಿ ಊರು ಬಿಡುವುದೆಂದರೆ ಹಿಂದೆ ಕೊಡಗಿನ ಕಾಫಿ ತೋಟಕ್ಕೋ ಮೈಸೂರು, ಬೆಂಗಳೂರುಗಳಿಗೋ ಹೋಗುವುದಾಗಿತ್ತು. ಈಗ ಹಾಗಿಲ್ಲ. ಕಂಪನಿಯ ಆದೇಶದಂತೆ ಆರು ತಿಂಗಳ ಮಟ್ಟಿಗೆ ಜರ್ಮನಿಗೋ ಅಮೆರಿಕಕ್ಕೋ ತೆರಳುವ ಎಂಜಿನಿಯರ್, ಎರಡು ವರ್ಷದ ಕರಾರಿನ ಮೇಲೆ ಕೊಲ್ಲಿ ರಾಷ್ಟ್ರಕ್ಕೆ ಹೋಗುವ ಚಾಲಕ, ಅಲ್ಲಿನ ಆಸ್ಪತ್ರೆಗೆ ಸೇರುವ ದಾದಿ, ಇಂತಹವರು ನಮ್ಮ ಊರುಗಳಿಂದಲೂ ಹೊರಡುತ್ತಾರೆ. ಇವರು ನೆಲೆಸಲು ಹೋಗುವವರಲ್ಲ, ಮರಳಿ ಬರಲೆಂದೇ ಹೋಗುವವರು. ಬಹುಮಟ್ಟಿಗೆ ಒಬ್ಬಂಟಿಯಾಗಿ ಹೋಗುವವರು.

ಇಂತಹವರನ್ನು ಬೀಳ್ಕೊಡುವಾಗ ಮನೆಮಂದಿ ಆಡುವ ಸಮಾಧಾನದ ಮಾತೊಂದಿದೆ: "ಆರು ತಿಂಗಳು ತಾನೇ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆದುಹೋಗುತ್ತದೆ." ಈ ಮಾತು ಪ್ರೀತಿಯಿಂದ ಹುಟ್ಟಿದ್ದೇನೋ ನಿಜ. ಆದರೆ ಕಷ್ಟದ ಬೀಜವೂ ಅದರಲ್ಲೇ ಇದೆ. ಕಾಯಂ ಆಗಿ ಹೋಗುವವನು ಹೊಸ ಊರಿನಲ್ಲಿ ಬೇರು ಬಿಡಲು ಯತ್ನಿಸುತ್ತಾನೆ. ತಾತ್ಕಾಲಿಕವಾಗಿ ಹೋದವನಾದರೋ ರೈಲು ನಿಲ್ದಾಣದಲ್ಲಿ ಕುಳಿತವನಂತೆ ದಿನ ಎಣಿಸುತ್ತಾನೆ. ನೆರೆಯವರ ಪರಿಚಯ ಮಾಡಿಕೊಳ್ಳುವುದಿಲ್ಲ, ನಾಲ್ಕು ಮಾತು ಅಲ್ಲಿನ ಭಾಷೆ ಕಲಿಯುವುದಿಲ್ಲ. ಹೇಗೂ ಹೊರಟುಹೋಗುವವನಿಗೆ ಇದೆಲ್ಲ ಏಕೆ ಎಂಬುದು ಅವನ ಲೆಕ್ಕ.

ಪಕ್ಷಿರಾಜಪುರದ ಪಾಠ

ಈ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲವರು ಹುಣಸೂರು ತಾಲ್ಲೂಕಿನಲ್ಲೇ ಇದ್ದಾರೆ. ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನಾಂಗದವರು ಹೆಸರೇ ಸೂಚಿಸುವಂತೆ ಹಕ್ಕಿ ಹಿಡಿದು, ಬೇಟೆಯಾಡಿ ಬದುಕಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಆ ಕಸುಬಿಗೆ ಎಡೆಯಿಲ್ಲದಾಯಿತು. ಮನೆಯಲ್ಲಿ ಗುಜರಾತಿಗೆ ಹತ್ತಿರವಾದ ವಾಗ್ರಿ ನುಡಿ, ಹೊರಗೆ ಕನ್ನಡ, ಹೀಗೆ ಎರಡು ನುಡಿಗಳಲ್ಲಿ ಬದುಕುವ ಈ ಜನ ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆಗಳ ಮಾರಾಟಕ್ಕೆ ತೊಡಗಿದರು. ಆ ವ್ಯಾಪಾರವೇ ಅವರನ್ನು ಆಫ್ರಿಕ ಖಂಡದವರೆಗೆ ಕರೆದೊಯ್ದಿತು. ಕೆಲವು ತಿಂಗಳು ಅಲ್ಲಿದ್ದು, ಸರಕು ಮಾರಿ, ಊರಿಗೆ ಮರಳುವುದು ಅವರ ಪದ್ಧತಿಯಾಯಿತು. ದೊಡ್ಡ ಓದಿಲ್ಲ, ಕಂಪನಿಯ ಬೆಂಬಲವಿಲ್ಲ. ಹಲವರು ಸಾಲ ಮಾಡಿಯೇ ಹೋಗುತ್ತಿದ್ದರು.

2023ರ ಏಪ್ರಿಲ್ 15ರಂದು ಸೂಡಾನ್ ದೇಶದಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಆರಂಭವಾಯಿತು. ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಅಲ್ಲಿ ಸಿಲುಕಿದ್ದಾರೆಂಬ ಸುದ್ದಿ ಮೊದಲು ಬಂದಿತು. ಆಮೇಲೆ ಆ ಸಂಖ್ಯೆ ಇನ್ನೂ ಹೆಚ್ಚಿತು. ಹುಣಸೂರಿನವರ ಜೊತೆಗೆ ಶಿವಮೊಗ್ಗ ಹಾಗೂ ಚನ್ನಗಿರಿ ಕಡೆಯವರೂ ಅವರಲ್ಲಿದ್ದರು. ಹೊರಗೆ ಗುಂಡಿನ ಸದ್ದು, ಒಳಗೆ ನೀರು ಆಹಾರಗಳ ಅಭಾವ. ಏಪ್ರಿಲ್ 24ರಂದು ಭಾರತ ಸರ್ಕಾರ 'ಆಪರೇಷನ್ ಕಾವೇರಿ' ಎಂಬ ರಕ್ಷಣಾ ಕಾರ್ಯವನ್ನು ಪ್ರಕಟಿಸಿತು. ಸೂಡಾನ್ ಬಂದರಿನಿಂದ ಹಡಗು, ವಿಮಾನಗಳಲ್ಲಿ ಸೌದಿ ಅರೇಬಿಯದ ಜೆಡ್ಡಾಕ್ಕೆ, ಅಲ್ಲಿಂದ ಸ್ವದೇಶಕ್ಕೆ ಜನರನ್ನು ಸಾಗಿಸಲಾಯಿತು. ಮೇ 5ರ ವೇಳೆಗೆ ಹೀಗೆ ಪಾರಾದವರ ಸಂಖ್ಯೆ 3,862. ಪಿರಿಯಾಪಟ್ಟಣದ ಅಂಚಿನಲ್ಲಿ ಹರಿದು ಚುಂಚನಕಟ್ಟೆಯಲ್ಲಿ ಧುಮುಕುವ ನಮ್ಮ ನದಿಯ ಹೆಸರೇ ನಮ್ಮವರನ್ನು ಮನೆ ಸೇರಿಸಿದ ಕಾರ್ಯಕ್ಕೆ ಬಂದುದು ಒಂದು ಯೋಗವೇ ಸರಿ.

ಈ ಘಟನೆಯಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಹಕ್ಕಿಪಿಕ್ಕಿಗಳು ಹೊರದೇಶಕ್ಕೆ ಹೋಗುವುದು ಸಾಮಾನ್ಯವಾಗಿ ಗುಂಪಾಗಿ. ಗಂಡ ಹೆಂಡತಿ, ಅಣ್ಣ ತಮ್ಮಂದಿರು, ನೆಂಟರು ಕೂಡಿ. ಒಂದು ಬಾಡಿಗೆ ಮನೆ, ಒಂದು ಒಲೆ, ಮನೆಮಾತು. ಇಂತಹವರು ಸಂಕಟಕ್ಕೆ ಸಿಲುಕಿದಾಗ ಯಾರು ಎಲ್ಲಿದ್ದಾರೆಂಬುದನ್ನು ಬಲ್ಲವರು ಜೊತೆಯಲ್ಲೂ ಇರುತ್ತಾರೆ, ಊರಿನಲ್ಲೂ ಇರುತ್ತಾರೆ. ಹೆಸರಾಂತ ಕಂಪನಿಯ ಕಾಗದ ಹಿಡಿದು, ಒಳ್ಳೆಯ ಸಂಬಳಕ್ಕೆ ಒಬ್ಬನೇ ಹೋದ ವಿದ್ಯಾವಂತನಿಗೆ ಈ ಆಸರೆ ತಾನಾಗಿ ಒದಗುವುದಿಲ್ಲ; ಅವನು ಅದನ್ನು ಕಟ್ಟಿಕೊಳ್ಳಬೇಕು.

ಆರರಿಂದ ಹದಿನೆಂಟು ತಿಂಗಳು

ಒಂಟಿತನ ಮನಸ್ಸಿನ ದೌರ್ಬಲ್ಯವೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲವೆಂಬುದಕ್ಕೆ ಸಾಕಷ್ಟು ಆಧಾರಗಳಿವೆ. ನಾರ್ವೆ ದೇಶದ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲೈಸ್‌ಗಾರ್ಡ್ ಅವರು ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿ ಬಂದ 200 ಮಂದಿ ಸ್ವದೇಶೀಯರ ಅನುಭವಗಳನ್ನು ಅಧ್ಯಯನ ಮಾಡಿ 1955ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಚೆನ್ನಾಗಿಯೇ ಹೊಂದಿಕೊಂಡಿದ್ದರು. ಹದಿನೆಂಟು ತಿಂಗಳು ದಾಟಿದವರೂ ಹೊಂದಿಕೊಂಡಿದ್ದರು. ಹೆಚ್ಚು ತೊಳಲಿದವರು ನಡುವಣ ಅವಧಿಯವರು. ಮೊದಲಿಗೆ ಹೊಸತನದ ಉತ್ಸಾಹ, ಬಳಿಕ ಕುಸಿತ, ಅನಂತರ ನಿಧಾನವಾದ ಚೇತರಿಕೆ, ಇದು ಅವರು ಕಂಡ ಕ್ರಮ. ಮುಂದಿನ ವಿದ್ವಾಂಸರು ಇದು ಎಲ್ಲರಿಗೂ ಒಂದೇ ಅಳತೆಯಲ್ಲಿ ಅನ್ವಯಿಸದೆಂದು ವಾದಿಸಿರುವುದೂ ಉಂಟು. ಆದರೂ ತಾತ್ಕಾಲಿಕ ನೌಕರಿಗೆ ಹೋಗುವವರು ಇದನ್ನು ತಿಳಿದಿರುವುದು ಹಿತಕರ. ಅನೇಕರ ಅವಧಿ ಈ ಇಳಿಜಾರಿನಲ್ಲೇ ಮುಗಿದುಬಿಡುತ್ತದೆ. ಏರುವ ದಾರಿಯನ್ನು ಕಾಣುವ ಮೊದಲೇ ಅವರು ವಿಮಾನ ಹತ್ತಿರುತ್ತಾರೆ.

ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ಬ್ರೆಜಿಲ್‌ನ ರಿಯೋ ನಗರದಲ್ಲಿ ನೀಡಿದ ಉಪನ್ಯಾಸದಲ್ಲಿ ಇದರ ಕಾರಣವನ್ನು ವಿವರಿಸಿದ್ದರು. ಯಾರಿಗೆ ಯಾವಾಗ ವಂದಿಸಬೇಕು, ಕರೆದಾಗ ಹೋಗಬೇಕೇ ಬೇಡವೇ, ಹೇಳಿದ ಮಾತು ವಿನೋದವೋ ಗಂಭೀರವೋ, ಇಂತಹ ನೂರಾರು ಸಣ್ಣ ಸಂಜ್ಞೆಗಳ ಮೇಲೆ ನಮ್ಮ ದಿನ ಸಾಗುತ್ತದೆ. ಪರಸ್ಥಳದಲ್ಲಿ ಅವೆಲ್ಲ ಒಮ್ಮೆಗೇ ಕೈಬಿಡುತ್ತವೆ. ನೀರಿನಿಂದ ಹೊರತೆಗೆದ ಮೀನಿನಂತೆ ಮನಸ್ಸು ಚಡಪಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ 2025ರ ಜೂನ್ ತಿಂಗಳಲ್ಲಿ ಹೊರತಂದ ವರದಿಯಲ್ಲಿ, ಲೋಕದ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆಯೆಂದೂ ಅದು ದೇಹದ ಆರೋಗ್ಯವನ್ನೂ ಕೆಡಿಸುತ್ತದೆಯೆಂದೂ ಎಚ್ಚರಿಸಿದೆ.

ಒಂಟಿ ಮನೆಯ ದಿನಚರಿ

ಹಾಗಾದರೆ ಒಬ್ಬಂಟಿಯಾದವನು ಮಾಡಬೇಕಾದದ್ದೇನು? ಮೊದಲನೆಯದು ಊಟ. ಒಬ್ಬರಿಗಾಗಿ ಒಲೆ ಹಚ್ಚಲು ಯಾರಿಗೂ ಮನಸ್ಸು ಬಾರದು. ಬ್ರೆಡ್ಡು, ಬಿಸ್ಕತ್ತುಗಳಲ್ಲೇ ದಿನ ಕಳೆಯುವವರಿದ್ದಾರೆ. ಒಂದೆರಡು ಸೇರು ರಾಗಿಹಿಟ್ಟು, ಮನೆಯ ಸಾರಿನ ಪುಡಿ ಜೊತೆಗಿದ್ದರೆ ವಾರಕ್ಕೊಮ್ಮೆಯಾದರೂ ಮುದ್ದೆ ತಿರುವಬಹುದು. ಅಂದು ಪಕ್ಕದ ಮನೆಯವನನ್ನೋ ಕಚೇರಿಯ ಜೊತೆಗಾರನನ್ನೋ ಊಟಕ್ಕೆ ಕರೆಯಬಹುದು. ಮುದ್ದೆ ನುಂಗಲು ಅವನು ಪಡುವ ಪಾಡಿನಿಂದಲೇ ಒಂದು ಸ್ನೇಹ ಆರಂಭವಾದೀತು.

ಎರಡನೆಯದು ರಜೆಯ ದಿನ. ದುಡಿಯುವ ದಿನ ಹೇಗೋ ಸರಿಯುತ್ತದೆ, ಕೊಲ್ಲುವುದು ರಜೆಯೇ. ಜರ್ಮನಿಯಂತಹ ದೇಶದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು ಕವಿದಿರುತ್ತದೆ. ಆ ದಿನಕ್ಕೆ ಮೊದಲೇ ಒಂದು ನೇಮವಿರಬೇಕು. ನಮ್ಮ ಸಭೆಯವರಿಗೆ ಭಾನುವಾರದ ಬಲಿಪೂಜೆ ಸಹಜವಾಗಿಯೇ ಅಂತಹ ನೇಮ. ಭಾಷೆ ತಿಳಿಯದಿದ್ದರೂ ಪೂಜೆಯ ಕ್ರಮ ತಿಳಿದದ್ದೇ, ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಮಾತನಾಡುವವರೂ ಸಿಗುತ್ತಾರೆ. ಇತರರಿಗೆ ಕನ್ನಡ ಸಂಘವಿರಬಹುದು, ಆಟದ ಮೈದಾನವಿರಬಹುದು, ಗ್ರಂಥಾಲಯವಿರಬಹುದು. ಒಟ್ಟಿನಲ್ಲಿ ವಾರಕ್ಕೊಮ್ಮೆ ನಮ್ಮನ್ನು ಹೆಸರಿಡಿದು ಕರೆಯುವ, ಬಾರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುವ ಒಂದು ಜಾಗ ಬೇಕೇ ಬೇಕು.

ಮೂರನೆಯದು ಮನೆಯೊಂದಿಗೆ ಮಾತು. ಹಿಂದೆ ಪತ್ರ ತಲುಪಲು ವಾರಗಳಾಗುತ್ತಿದ್ದವು. ಇಂದು ಮುಖ ನೋಡಿಕೊಂಡೇ ಮಾತನಾಡಬಹುದು. ಅಷ್ಟಾದರೂ ಸತ್ಯ ದಾಟುವುದು ಅಪರೂಪ. "ಉಂಡ್ಯಾ ಮಗ?" ಎಂದು ತಾಯಿ ಕೇಳುತ್ತಾಳೆ. "ಉಂಡೆ ಕಣವ್ವ" ಎಂದು ಮಗ ಉಪವಾಸವಿದ್ದೇ ಹೇಳುತ್ತಾನೆ. ಇತ್ತ ತಾಯಿಯೂ ತನ್ನ ಮಂಡಿನೋವನ್ನು ಮುಚ್ಚಿಡುತ್ತಾಳೆ, ಹೆಂಡತಿ ಮಗುವಿನ ಜ್ವರವನ್ನು ಮುಚ್ಚಿಡುತ್ತಾಳೆ. ಇಬ್ಬರೂ ಪ್ರೀತಿಯಿಂದಲೇ ಸುಳ್ಳಾಡಿ, ಇಬ್ಬರೂ ಒಂಟಿಯಾಗುತ್ತಾರೆ. ಹೋಗುವ ಮುನ್ನವೇ ಒಬ್ಬ ಅಣ್ಣನಿಗೋ ಸ್ನೇಹಿತನಿಗೋ "ನಿನ್ನ ಹತ್ತಿರ ಮಾತ್ರ ನಿಜ ಹೇಳುತ್ತೇನೆ, ನೀನೂ ನನಗೆ ನಿಜವನ್ನೇ ಹೇಳು" ಎಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕಾಗದಪತ್ರಗಳೂ ಒಂದು ಆಸರೆ

ಮನಸ್ಸಿನ ಧೈರ್ಯಕ್ಕೆ ಕಾಗದದ ಧೈರ್ಯವೂ ಬೇಕು. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳೇ ಮೊದಲಾದ ಗೊತ್ತಾದ ದೇಶಗಳಿಗೆ ಕೆಲಸಕ್ಕಾಗಿ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕೆಂಬ ವ್ಯವಸ್ಥೆಯನ್ನು 1983ರ ವಲಸೆ ಕಾಯಿದೆಯಡಿ ರೂಪಿಸಲಾಯಿತು. ಅನೇಕರು ಇದನ್ನು ಕಿರುಕುಳವೆಂದು ಬಗೆದು, ಪ್ರವಾಸಿ ವೀಸಾದ ಮೇಲೆ ದಲ್ಲಾಳಿಯ ಹಿಂದೆ ಹೋಗಿಬಿಡುತ್ತಾರೆ. ಹಾಗೆ ಹೋದವನು ಆಪತ್ತಿನಲ್ಲಿ ಯಾವ ದಾಖಲೆಯಲ್ಲೂ ಇರುವುದಿಲ್ಲ. ಸಂಕಷ್ಟದಲ್ಲಿರುವ ಭಾರತೀಯರಿಗೆ ನೆರವಾಗಲು 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಲಾಯಿತು. ದೂರು ಸಲ್ಲಿಸಲು 2015ರಲ್ಲಿ 'ಮದದ್' ಎಂಬ ಗಣಕ ವ್ಯವಸ್ಥೆ ಬಂದಿತು. ತಲುಪಿದ ವಾರದಲ್ಲೇ ಅಲ್ಲಿನ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು, ಪಾಸ್‌ಪೋರ್ಟ್ ಹಾಗೂ ಕರಾರುಪತ್ರದ ಪ್ರತಿಗಳನ್ನು ಊರಿನಲ್ಲಿ ನಂಬಿಕಸ್ಥರ ಬಳಿ ಇಡುವುದು, ಇವು ಖರ್ಚಿಲ್ಲದ ಕೆಲಸಗಳು. ಸೂಡಾನಿನಂತಹ ಸಂದರ್ಭ ಬಂದಾಗಲೇ ಇವುಗಳ ಬೆಲೆ ತಿಳಿಯುವುದು.

ನಮ್ಮ ಬಾಗಿಲಿನ ಪರದೇಶಿಗಳು

ಹೋದವರ ಮಾತಾಯಿತು, ನಮ್ಮಲ್ಲಿಗೆ ಬಂದವರ ಮಾತೂ ಉಂಟು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ 1960ರ ಹೊತ್ತಿಗೆ ಬಂದಿಳಿದ ಟಿಬೆಟಿನ ಜನರಿಗೆ ಇಲ್ಲಿನ ಬಿಸಿಲು, ಕಾಡು, ಭಾಷೆ ಯಾವುದೂ ತಮ್ಮದಾಗಿರಲಿಲ್ಲ. ತಾತ್ಕಾಲಿಕವೆಂದೇ ಬಂದವರು ಕಾಡು ಕಡಿದು ಹೊಲ ಮಾಡಿದರು, ಜೋಳ ಬೆಳೆದರು, ವಿಹಾರಗಳನ್ನು ಕಟ್ಟಿದರು. ಮರಳುವ ಆಸೆಯನ್ನು ಬಿಡದೆಯೂ ಇದ್ದ ನೆಲದಲ್ಲಿ ಮನೆ ಕಟ್ಟಬಹುದೆಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಹೆಗ್ಗಡದೇವನಕೋಟೆಯ ಶುಂಠಿ ಹೊಲಗಳ ಗುಡಿಸಲಿನಲ್ಲಿ ಕೇರಳದವರಿದ್ದಾರೆ. ನಮ್ಮ ಪಟ್ಟಣಗಳ ಕಟ್ಟಡದ ಕೆಲಸಕ್ಕೆ ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರು ಬರುತ್ತಾರೆ. ಅವರ ತಾಯಂದಿರೂ ರಾತ್ರಿ ಫೋನಿನಲ್ಲಿ ಅದೇ ಪ್ರಶ್ನೆ ಕೇಳುತ್ತಾರೆ, ಮಕ್ಕಳು ಅದೇ ಉತ್ತರ ಕೊಡುತ್ತಾರೆ. ನಮ್ಮ ಮಗನನ್ನು ಹೊರದೇಶದ ನೆರೆಯವರು ವಿಚಾರಿಸಿಕೊಳ್ಳಲಿ ಎಂದು ಬಯಸುವ ನಾವು, ನಮ್ಮ ಬೀದಿಯ ಆ ಹುಡುಗನ ಹೆಸರನ್ನಾದರೂ ಕೇಳಿದ್ದೇವೆಯೇ?

ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಗೆ ಪ್ರತಿವರ್ಷ ಜೂನ್ 13ರಂದು ಜಾತಿಮತಗಳ ಭೇದವಿಲ್ಲದೆ ಜನ ಸೇರುತ್ತಾರೆ. 2019ರಲ್ಲಿ ಬಸಿಲಿಕ ಪದವಿ ಪಡೆದ ಅಲ್ಲಿನ ದೇವಾಲಯದ ಸಂತ ಅಂತೋಣಿಯವರು ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ. ಸೇವೆಗೆಂದು ಮೊರಾಕೊ ದೇಶಕ್ಕೆ ಹೋಗಿ, ಅಲ್ಲಿ ಕಾಯಿಲೆ ಬಿದ್ದು, ಮರಳುವಾಗ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಸಿಸಿಲಿಯ ದಡ ಸೇರಿದವರು ಅವರು. 1231ರಲ್ಲಿ ಅವರು ತೀರಿಕೊಂಡದ್ದು ಇಟಲಿಯ ಪಾದುವಾ ನಗರದ ಬಳಿ. ಲೋಕ ಅವರನ್ನು 'ಪಾದುವಾದ ಅಂತೋಣಿ' ಎಂದೇ ಕರೆಯುತ್ತದೆ. ಬಂದವನನ್ನು ಆ ಊರು ತನ್ನವನೆಂದುಕೊಂಡಿತು, ಬಂದವನೂ ಆ ಊರನ್ನು ತನ್ನದೆಂದುಕೊಂಡನು.

ಆರು ತಿಂಗಳೇ ಇರಲಿ, ಎರಡು ವರ್ಷವೇ ಇರಲಿ, ಕಳೆಯುವ ಕಾಲವೆಂದು ಅದನ್ನು ನೂಕದೆ ಬಾಳುವ ಕಾಲವೆಂದು ಬಗೆಯುವುದು ಹೋಗುವವರ ಕರ್ತವ್ಯ. ಅವರ ಮನೆಗಳನ್ನು ಆಗಾಗ ವಿಚಾರಿಸುವುದು, ವಯಸ್ಸಾದ ತಂದೆತಾಯಿಗಳನ್ನು ಆಸ್ಪತ್ರೆಗೋ ಬ್ಯಾಂಕಿಗೋ ಕರೆದೊಯ್ಯುವುದು ಉಳಿದವರ ಕರ್ತವ್ಯ. ಈ ವಾರ ನಿಮ್ಮ ಬೀದಿಯಲ್ಲಿ ಅಂತಹ ಮನೆ ಯಾವುದಿದೆಯೆಂದು ಒಮ್ಮೆ ನೋಡಿ. ಬಾಗಿಲು ತಟ್ಟಲು ಬೇರೆ ಕಾರಣ ಬೇಕಾಗಿಲ್ಲ, "ಮಗನಿಂದ ಫೋನ್ ಬಂದಿತ್ತೇ ಅಮ್ಮ?" ಎಂದು ಕೇಳಿದರೆ ಸಾಕು.