ತಿಪ್ಪೆಯಿಂದ ಪೀಪಿಯವರೆಗೆ

ಮಾರಿಕುಪ್ಪಂ ಗಾಡಿ ಮಾಲೂರಿನಲ್ಲಿ ನಿಂತಾಗ ಬೆಳಿಗ್ಗೆ ಎಂಟು ದಾಟಿತ್ತು. ಬೆಂಗಳೂರಿಗೆ ಹೊರಟ ಎದುರಿನ ರೈಲಿಗೆ ಜನ ಜೋತುಬಿದ್ದಿದ್ದರು. ನಮ್ಮ ಬೋಗಿಯಲ್ಲಿ ಕಾಲು ಚಾಚಿ ಮಲಗುವಷ್ಟು ಜಾಗ. ಜೂನ್ ಮೊದಲ ವಾರ. ಹಿಂದಿನ ರಾತ್ರಿ ರೋಹಿಣಿ ಮಳೆ ಒಂದು ಹದ ಬಿದ್ದಿತ್ತು. ದಾರಿಯುದ್ದಕ್ಕೂ ಹೊಲಗಳಲ್ಲಿ ಸಾಲಾಗಿ ಸುರಿದ ಗೊಬ್ಬರದ ಗುಡ್ಡೆಗಳು ನೆನೆದು ಕಪ್ಪಗೆ ಕಾಣುತ್ತಿದ್ದವು. ರಾಗಿ ಬಿತ್ತನೆಗೆ ಮುಂಚೆ ಊರ ತಿಪ್ಪೆಗಳು ಖಾಲಿಯಾಗುವ ಕಾಲ ಇದು.

ಹಾಲು, ರೇಷ್ಮೆ, ಚಿನ್ನ. ಕೋಲಾರ ಜಿಲ್ಲೆಯನ್ನು ನಾವು ಶಾಲೆಯಲ್ಲಿ ಕಲಿತದ್ದು ಈ ಮೂರು ಮಾತಿನಲ್ಲಿ. ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಹಾಲು, ರೇಷ್ಮೆ ಉಳಿದಿವೆ. ನಾನು ಬಂದದ್ದು ಆ ಪಟ್ಟಿಗೆ ಸೇರದ ಇನ್ನೊಂದು ಆಸ್ತಿಯನ್ನು ನೋಡಲು: ಹಿತ್ತಲಲ್ಲಿ ತಯಾರಾಗುವ ಗೊಬ್ಬರ, ಅದರ ಮೇಲೆ ಬೆಳೆಯುವ ಸೊಪ್ಪುಸದೆ, ಅದರ ಸುತ್ತ ಮನೆಮಂದಿ ಕಳೆಯುವ ಹೊತ್ತು. ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ. ಒಂದು ದಿನ, ನಾಲ್ಕು ಹಿತ್ತಲು.

ಮಾಲೂರು: ಮೂರು ಅಂತಸ್ತಿನ ಮಡಕೆ

ಮಾಲೂರಿನ ಮಣ್ಣು ಬೆಂಕಿಗೆ ಒಗ್ಗಿದ ಮಣ್ಣು. ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ನಾನು ಹೋದ ಮನೆಯ ಹಿತ್ತಲಲ್ಲಿ ಪಾತಿಗಳ ಅಂಚಿಗೆಲ್ಲ ಒಡೆದ ಇಟ್ಟಿಗೆ, ನಡೆಯುವ ದಾರಿಗೆ ಒಡೆದ ಹೆಂಚು. ಮನೆಯೊಡತಿ ನಿವೃತ್ತ ಶಾಲಾ ಶಿಕ್ಷಕಿ. ಬಚ್ಚಲ ಗೋಡೆಗೆ ಆನಿಸಿ ಒಂದರ ಮೇಲೊಂದು ಮೂರು ಮಡಕೆ ಇಟ್ಟಿದ್ದಾರೆ. ಸುತ್ತಲೂ ಬೆರಳಗಲದ ತೂತು, ಮೇಲೊಂದು ಮಣ್ಣಿನ ಮುಚ್ಚಳ.

“ಮೇಲ್ಮನೆ, ನಡುಮನೆ, ಕೆಳಮನೆ,” ಎಂದು ಪರಿಚಯ ಮಾಡಿಸಿದರು. ದಿನದ ತರಕಾರಿ ಸಿಪ್ಪೆ, ಕಾಫಿ ಚರಟ, ಬಾಡಿದ ಸೊಪ್ಪು ಮೇಲ್ಮನೆಗೆ. ಒಂದು ಬೊಗಸೆ ಹಸಿ ಬಿದ್ದರೆ ಎರಡು ಬೊಗಸೆ ಒಣ ಎಲೆ. ಮೇಲ್ಮನೆ ತುಂಬಿತೋ, ಅದು ನಡುವಿಗೆ ಇಳಿಯುತ್ತದೆ, ನಡುವಿನದು ಕೆಳಗಿಳಿಯುತ್ತದೆ. ಕೆಳಮನೆಗೆ ಬರುವಷ್ಟರಲ್ಲಿ ಎರಡು-ಮೂರು ತಿಂಗಳು.

ಕೆಳಗಿನ ಮಡಕೆಗೆ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ಕಾಫಿಪುಡಿ ಬಣ್ಣ. ಮೊದಲ ಮಳೆ ಬಿದ್ದ ಹೊಲದ ವಾಸನೆ. ಅದರಲ್ಲಿ ಇನ್ನೂ ಕರಗದೆ ಉಳಿದದ್ದು ಮೊಟ್ಟೆ ಚಿಪ್ಪಿನ ಚೂರು, ಒಂದು ಹುಣಸೆ ಬೀಜ, ಸೇಬಿನ ಮೇಲೆ ಅಂಟಿಸುವ ಪ್ಲಾಸ್ಟಿಕ್ ಚೀಟಿ. “ಹಿಂಡಿ ನೋಡಿ,” ಎಂದರು. ಹಿಂಡಿದೆ. ನೀರು ತೊಟ್ಟಿಕ್ಕಲಿಲ್ಲ, ಆದರೆ ಉಂಡೆ ಕಟ್ಟಿತು. “ಅದೇ ಹದ. ನೀರು ಸುರಿದರೆ ಕೊಳೀತಿದೆ ಅಂತ, ಉದುರಿ ಹೋದರೆ ಒಣಗಿದೆ ಅಂತ.”

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನು ಮಾಡಿದ ಸಾಹಸವನ್ನು ಅವರ ಮುಂದೆ ಒಪ್ಪಿಕೊಳ್ಳಬೇಕಾಯಿತು. ಪೇಂಟ್ ಬಕೆಟ್ಟಿನ ತುಂಬ ಕಲ್ಲಂಗಡಿ ಸಿಪ್ಪೆ ತುಂಬಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಹತ್ತನೇ ದಿನ ಮುಚ್ಚಳ ತೆಗೆದರೆ ಕಪ್ಪು ರಾಡಿ, ಅದರ ತುಂಬ ಮಿಜಿಮಿಜಿ ಎನ್ನುವ ಹುಳು. ಮಹಡಿ ಮೇಲಿನವರು ಒಂದು ತಿಂಗಳು ಮಾತು ಬಿಟ್ಟರು. ಟೀಚರ್ ನಕ್ಕರು. “ಕಲ್ಲಂಗಡಿ ಅಂದ್ರೆ ನೀರೇ ಅಲ್ವೇ? ಒಣ ಎಲೆ ಹಾಕ್ಲಿಲ್ಲ, ಉಸಿರಾಡೋಕೂ ಬಿಡ್ಲಿಲ್ಲ. ಇನ್ನೇನಾಗತ್ತೆ?” ಹುಳುವಿಗೆ ಹೆದರಬೇಕಿಲ್ಲವಂತೆ. ಕಪ್ಪು ಸೈನಿಕ ನೊಣವೆಂಬುದರ ಮರಿಗಳು ಹಸಿ ಕಸವನ್ನು ನಮಗಿಂತ ಚುರುಕಾಗಿ ತಿಂದು ಮುಗಿಸುತ್ತವೆ. ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ.

ಅವರ ಒಣ ಎಲೆಯ ಮೂಟೆಗಳಲ್ಲಿ ಬಹುಪಾಲು ಹೊಂಗೆ, ಸ್ವಲ್ಪ ಮಾವು. ನೀಲಗಿರಿ ಮಾತ್ರ ಬೇಡ. ಎಣ್ಣೆ ತುಂಬಿದ ಆ ಎಲೆ ಬೇಗ ಕೊಳೆಯುವುದಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದರೂ ಹಳೆಯ ತೋಪುಗಳು ಈ ಸೀಮೆಯಲ್ಲಿ ಇನ್ನೂ ಉಳಿದಿವೆ. ಪಾತಿಯಲ್ಲಿ ದಂಟು, ಕೊತ್ತಂಬರಿ ಬಿತ್ತಿದ್ದರು. ಅವುಗಳ ನಡುವೆ ಬಿತ್ತದೇ ಬಂದ ಟೊಮೆಟೊ, ಗಣಿಕೆ, ಅಣ್ಣೆ ಸೊಪ್ಪು. ಗೊಬ್ಬರದ ಜೊತೆ ಬಂದ ಬೀಜ, ಹಕ್ಕಿ ಹಾಕಿದ ಬೀಜ. “ಕೀಳಲ್ಲ. ಎಲ್ಲ ಸೇರಿಸಿದ್ರೆ ಬೆರಕೆ ಸೊಪ್ಪಿನ ಮಸ್ಸೊಪ್ಪು ಆಗತ್ತೆ.”

ಕೋಲಾರ: ಹಸುವಿಗೆ ಮೊದಲು, ಗುಂಡಿಗೆ ಆಮೇಲೆ

ಬಸ್ಸು ನರಸಾಪುರದ ಮೇಲೆ ಹಾದು ಹೋಯಿತು. ಇದರ ಪಕ್ಕದ ಲಕ್ಷ್ಮೀಸಾಗರ ಕೆರೆಗೇ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯ ನೀರು ಮೊದಲು ಬಂದದ್ದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನವರೆಗೆ ಪೈಪಿನಲ್ಲಿ ತಂದು ಇಲ್ಲಿನ ಕೆರೆಗಳಿಗೆ ಬಿಡುವ ಯೋಜನೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಕೈಕೊಡುತ್ತಿದ್ದ ಜಿಲ್ಲೆ ಇದು. ನೀರು ಇಂಗಿ ಅಂತರ್ಜಲ ಏರಿತೆಂದು ಸಂತೋಷಪಟ್ಟವರು ಇದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ಹೋರಾಡುತ್ತಿರುವವರೂ ಇದ್ದಾರೆ. ಆ ತಕರಾರು ಮುಗಿದಿಲ್ಲ. ನನಗೆ ಹೊಳೆದದ್ದು ಇಷ್ಟೆ: ಒಂದು ಮಹಾನಗರ ಬಳಸಿ ಬಿಟ್ಟ ನೀರನ್ನು ಎರಡನೇ ಸಲ ಬಳಸಲು ಹೊರಟ ಸೀಮೆಗೆ ಬಾಳೆಹಣ್ಣಿನ ಸಿಪ್ಪೆಯನ್ನು ಎರಡನೇ ಸಲ ಬಳಸುವುದು ಯಾವ ಲೆಕ್ಕ?

ಕೋಲಾರದ ಕೋಟೆ ಭಾಗದ ಹಳೆಯ ಮನೆ. ಮುಂದೆ ಕಿರಿದಾದ ಬೀದಿ, ಹಿಂದೆ ಉದ್ದಾನುದ್ದ ಹಿತ್ತಲು. ಎರಡು ಹಸು. ಮನೆಯ ಯಜಮಾನರು ಎಪ್ಪತ್ತು ದಾಟಿದವರು, ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಏಷ್ಯಾದಲ್ಲೇ ಎರಡನೆಯದೆಂದು ಹೆಸರಾದ ಮಂಡಿ ಅದು. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸು ಎರಡು ಸಾವಿರ ದಾಟಿದ್ದನ್ನೂ, ಬೆಲೆ ಬಿದ್ದ ವರ್ಷ ಅದೇ ಹಣ್ಣು ರಸ್ತೆ ಬದಿ ಬಿದ್ದಿದ್ದನ್ನೂ ಅವರು ಒಂದೇ ದನಿಯಲ್ಲಿ ಹೇಳುತ್ತಾರೆ.

ಅವರ ಮನೆಯಲ್ಲಿ ಕಸಕ್ಕೊಂದು ಸರದಿ ಇದೆ. ಅಕ್ಕಿ ತೊಳೆದ ನೀರು, ಅನ್ನದ ಗಂಜಿ, ಹಣ್ಣಿನ ಸಿಪ್ಪೆ ಕಲಗಚ್ಚಿನ ಬಾನಿಗೆ. ಅದು ಹಸುವಿನ ಪಾಲು. ಹಸು ಮುಟ್ಟದ್ದು ಗುಂಡಿಗೆ. ದೇವರ ಮನೆಯ ಬಾಡಿದ ಹೂ ಎರಡಕ್ಕೂ ಇಲ್ಲ. ನಿರ್ಮಾಲ್ಯ ತುಳಿಯಬಾರದೆಂದು ಅದನ್ನು ನೇರ ಕನಕಾಂಬರದ ಬುಡಕ್ಕೆ ಹಾಕಿ ಮೇಲೆ ಮಣ್ಣೆಳೆಯುತ್ತಾರೆ. ಆ ಗಿಡದ ಹೂವನ್ನು ಸಂಜೆ ಧಾರಾವಾಹಿ ನೋಡುತ್ತ ಸೊಸೆ, ಮೊಮ್ಮಗಳು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಬೆಳಿಗ್ಗೆ ಅದು ಮತ್ತೆ ದೇವರಿಗೆ.

ಗುಂಡಿ ಮೂರಡಿ ಆಳ. ಒಂದು ಪದರ ಕಸ, ಒಂದು ಪದರ ಸಗಣಿ, ಪಕ್ಕದ ಹಳ್ಳಿಯ ನೆಂಟರು ಕಳಿಸುವ ರೇಷ್ಮೆಹುಳುವಿನ ಹಿಕ್ಕೆ, ಹುಳು ತಿಂದುಳಿದ ಹಿಪ್ಪುನೇರಳೆ ಕಡ್ಡಿ. ತುಂಬಿದ ಮೇಲೆ ಮೇಲೆಲ್ಲ ಕೆಸರು ಮೆತ್ತಿ ಮುಚ್ಚಿದರೆ ಆರೇಳು ತಿಂಗಳು ತಿರುಗಿ ನೋಡುವ ಹಾಗಿಲ್ಲ. “ನಮ್ಮಪ್ಪ ಹೀಗೇ ಮಾಡ್ತಿದ್ರು,” ಎಂದರು. ಅಪ್ಪನ ಪದ್ಧತಿಗೆ ಪುಸ್ತಕದಲ್ಲೂ ಒಂದು ಹೆಸರಿದೆ: ಬೆಂಗಳೂರು ಪದ್ಧತಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ್ದು. ಅದಕ್ಕೂ ಮುಂಚಿನ, ಆಲ್ಬರ್ಟ್ ಹೊವಾರ್ಡ್ ಅವರ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ಮಗುಚಿ ನೀರು ಚಿಮುಕಿಸಬೇಕು. ಗೊಬ್ಬರ ಬೇಗ ಸಿಗುತ್ತದೆ, ಆದರೆ ಆಳೂ ಬೇಕು, ನೀರೂ ಬೇಕು. ಬೆಂಗಳೂರು ಪದ್ಧತಿ ನಿಧಾನ. ಮೇಲಿನ ಕೆಸರು ತೇವವನ್ನು ಹಿಡಿದಿಡುವುದರಿಂದ ನೀರು ಕಡಿಮೆ ಸಾಕು. ಕೊಡ ನೀರಿಗೂ ಲೆಕ್ಕ ಇಡುವ ಊರಿಗೆ ಯಾವುದು ಒಗ್ಗಿತೆಂದು ಬೇರೆ ಹೇಳಬೇಕಿಲ್ಲ.

“ಗೊಬ್ಬರ ಗಿಡಕ್ಕೆ ಅನ್ನ ಅಂತಾರೆ. ನನ್ ಕೇಳಿದ್ರೆ ಅದು ನೀರಿನ ತೊಟ್ಟಿ,” ಎಂದು ಅವರು ಎರಡು ಬದನೆ ಗಿಡ ತೋರಿಸಿದರು. ಒಂದಕ್ಕೆ ಗೊಬ್ಬರ ಹಾಕಿ ಮೇಲೆ ಒಣ ಹುಲ್ಲು ಹೊದಿಸಿದೆ. ಅದಕ್ಕೆ ಮೂರು ದಿನಕ್ಕೊಮ್ಮೆ ನೀರು. ಇನ್ನೊಂದು ಬರೀ ಕೆಂಪು ಮಣ್ಣಿನಲ್ಲಿದೆ. ಅದಕ್ಕೆ ದಿನಾ ಬೇಕು. ಊರಾಚೆಯ ಟಮಕದಲ್ಲಿ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ಅಲ್ಲಿನ ವಿದ್ಯಾರ್ಥಿಗಳು ಕಲಿಯುವ ಪಾಠವನ್ನು ಈ ಯಜಮಾನರು ಎರಡು ಬದನೆ ಗಿಡದಲ್ಲಿ ಮುಗಿಸಿಬಿಟ್ಟಿದ್ದರು.

ಮುಳಬಾಗಿಲು: ಹುಣಸೆ ಬೀಜದ ಆಟ

ಮುಳಬಾಗಿಲಿಗೆ ಬಂದು ದೋಸೆ ತಿನ್ನದೆ ಹೋದರೆ ಆ ಊರಿಗೆ ಬಂದಂತೆಯೇ ಅಲ್ಲ. ಅಂಗೈಗಿಂತ ತುಸು ದೊಡ್ಡದು, ದಪ್ಪ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ನಾನು ತಿನ್ನುತ್ತಿದ್ದ ಸಣ್ಣ ಹೋಟೆಲಿನ ಹಿಂಬಾಗಿಲಿಗೆ ಒಬ್ಬ ಹುಡುಗ ಟಿವಿಎಸ್‌ನಲ್ಲಿ ಎರಡು ಖಾಲಿ ಡ್ರಮ್ ತಂದ. ಆಲೂಗಡ್ಡೆ ಸಿಪ್ಪೆ, ಈರುಳ್ಳಿ ಸಿಪ್ಪೆ, ತೆಂಗಿನ ಚಿಪ್ಪು ಬೇರೆ ಬೇರೆಯಾಗಿ ಕಾದಿದ್ದವು. ಕೇಳಿದೆ. ಆಲೂಗಡ್ಡೆಯದು ಹಂದಿ ಸಾಕಿದವರಿಗೆ, ಚಿಪ್ಪು ಒಲೆಗೆ, ಈರುಳ್ಳಿ ಸಿಪ್ಪೆ ಅಜ್ಜಿಯ ಗುಲಾಬಿ ಗಿಡಕ್ಕೆ.

ಅಜ್ಜಿಯನ್ನು ನೋಡಬೇಕೆಂದೆ. ಗಾಡಿಯ ಹಿಂದೆ ಕೂರಿಸಿಕೊಂಡೇ ಹೋದ.

ಅಲ್ಲಿ ತೆಲುಗು, ಕನ್ನಡ ಒಂದೇ ಉಸಿರಿನಲ್ಲಿ ನಡೆಯುತ್ತದೆ. ಅಜ್ಜಿಗೆ ಗೊಬ್ಬರದ ರಾಶಿ ಒಮ್ಮೆ ತಿಪ್ಪೆ, ಒಮ್ಮೆ ದಿಬ್ಬ. ರಾಶಿಗೆ ಹೆಪ್ಪು ಹಾಕುವುದು ದೋಸೆ ಹಿಟ್ಟಿನಷ್ಟೇ ಸಹಜ ಕೆಲಸ: ಹುಳಿ ಮಜ್ಜಿಗೆಗೆ ಚೂರು ಬೆಲ್ಲ ಕದಡಿ ವಾರಕ್ಕೊಮ್ಮೆ ಚಿಮುಕಿಸುತ್ತಾರೆ. ಹಿಟ್ಟು ಉಬ್ಬಿಸುವ ಕಣ್ಣಿಗೆ ಕಾಣದ ಜೀವಿಗಳ ಬಳಗವೇ ಸಿಪ್ಪೆಯನ್ನೂ ಅರಗಿಸುತ್ತದೆ ಎಂದು ನಾನು ವಿವರಿಸಹೊರಟೆ. “ಅದಕ್ಕೇ ಅಲ್ವಾಪ್ಪಾ ಎರಡೂ ಬೆಚ್ಚಗಿರೋದು?” ಎಂದು ಅಜ್ಜಿ ಮಾತು ಮುಗಿಸಿದರು.

ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದಿತ್ತು. ಚೌಕಾಬಾರ. ಕವಡೆಯ ಬದಲು ನಾಲ್ಕು ಹುಣಸೆ ಬೀಜ, ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಬೇಸಿಗೆಯಿಡೀ ಈ ಬೀದಿಯ ಹೆಂಗಸರು ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಾರೆ. ಹಣ್ಣು ಮಂಡಿಗೆ, ಬೀಜ ವ್ಯಾಪಾರಿಗೆ, ಸಿಪ್ಪೆ ನಾರು ತಿಪ್ಪೆಗೆ. ನಾಲ್ಕು ಬೀಜ ಮಾತ್ರ ಆಟಕ್ಕೆ. ಅಜ್ಜಿ ಎರಡು ಸಲ ಬಾರ ಹಾಕಿ ಮೊಮ್ಮಗನ ಕಾಯಿ ಕಡಿದರು. ಇದು ನಿಮ್ಮ ಹವ್ಯಾಸವೇ ಎಂದು ಕೇಳಿದೆ. ಆ ಮಾತು ಅವರಿಗೆ ಹತ್ತಲಿಲ್ಲ. “ಕೆಲಸ ಮಾಡ್ತಾ ಮಾಡ್ತಾ ಆಡೋದು,” ಎಂದರು.

ಶ್ರೀನಿವಾಸಪುರ: ಅರಗದ ಗೊರಟೆ

ಶ್ರೀನಿವಾಸಪುರ ಹತ್ತಿರವಾದಂತೆ ಕಣ್ಣಿಗಿಂತ ಮುಂಚೆ ಮೂಗಿಗೆ ಊರು ಸಿಕ್ಕಿತು. ಮಾವಿನ ಮಂಡಿಯ ಮುಂದೆ ಲಾರಿಗಳ ಸಾಲು. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ರಾಶಿ ರಾಶಿ ತೋತಾಪುರಿ. ತಾಲ್ಲೂಕಿನ ಹೊಗಳಗೆರೆಯಲ್ಲಿ ತೋಟಗಾರಿಕೆಯ ಸಂಶೋಧನಾ ಕೇಂದ್ರವೇ ಇದೆ. ಆದರೆ ಹಣ್ಣಿನ ಹೆಸರು ಎಷ್ಟು ಸಿಹಿಯೋ ಅದರ ಲೆಕ್ಕ ಅಷ್ಟು ಸಿಹಿಯಲ್ಲ. 2025ರ ಜೂನ್‌ನಲ್ಲಿ ಪಕ್ಕದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆದಾಗ ಇಲ್ಲಿ ಬೆಲೆ ನೆಲಕಚ್ಚಿತು. ಬೆಳೆಗಾರರು ಹಣ್ಣನ್ನು ರಸ್ತೆಗೆ ಸುರಿದರು, ಊರು ಬಂದ್ ಆಯಿತು. ಕೊನೆಗೆ ಕ್ವಿಂಟಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ ಬೆಲೆಯ ಕೊರತೆ ತುಂಬಿಕೊಡಲು ಕೇಂದ್ರ ಒಪ್ಪಿತು. ಎಷ್ಟು ದೊಡ್ಡ ಗುಂಡಿ ತೋಡಿದರೂ ಅಂಥ ನಷ್ಟ ಅದರಲ್ಲಿ ಅರಗುವುದಿಲ್ಲ.

ಕೊನೆಯ ಹಿತ್ತಲು ಒಬ್ಬ ಕಸಿ ಕಟ್ಟುವವರದು. ಸಂಜೆಯ ಬಿಸಿಲಿನಲ್ಲಿ ಮನೆಮಂದಿಯೆಲ್ಲ ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದರು. ಹಣ್ಣು ತಿಂದ ಸಿಪ್ಪೆ ಅಲ್ಲೇ ಮೂಲೆಯ ಗುಂಡಿಗೆ. ನಾನು ಗುಂಡಿಯಲ್ಲಿ ಬಗ್ಗಿ ನೋಡಿದೆ. ಸಿಪ್ಪೆಯೆಲ್ಲ ಕಪ್ಪು ಮಣ್ಣಾಗುತ್ತಿತ್ತು. ಗೊರಟೆಗಳು ಮಾತ್ರ ಹಾಗೇ ಕೂತಿದ್ದವು, ನಾರು ನಾರಾಗಿ, ಹಟಮಾರಿಗಳ ಹಾಗೆ. ಕೆಲವು ಬಾಯಿ ಬಿಟ್ಟು ತಾಮ್ರದ ಬಣ್ಣದ ಎಲೆ ಚಿಗುರಿಸಿದ್ದವು.

“ಇವೇನು, ವರ್ಷವಾದ್ರೂ ಕರಗಲ್ವಾ?”

“ಯಾಕೆ ಕರಗ್ಬೇಕು ಸಾರ್? ಅದರಿಂದಲೇ ನಮ್ಮ ಅನ್ನ.” ಗೊರಟೆ ಒಣಗುವ ಮೊದಲೇ ಚೀಲಕ್ಕೆ ಹಾಕಿ ಮೊಳೆಯಿಸುತ್ತಾರೆ. ಮೊಳಕೆ ಎರಡು ವಾರದ ಎಳಸಾಗಿರುವಾಗಲೇ ತುದಿ ಕತ್ತರಿಸಿ ಬಾದಾಮಿಯದೋ ಮಲ್ಲಿಕಾದ್ದೋ ಕಡ್ಡಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಬೇರು ಊರಿನ ನಾಟಿಯದು, ಹಣ್ಣು ಹೆಸರಾದ ತಳಿಯದು. ಗುಂಡಿ ಅರಗಿಸಿಕೊಂಡದ್ದು ಗೊಬ್ಬರವಾಗಿ ಆ ಚೀಲಕ್ಕೆ, ಅರಗಿಸಿಕೊಳ್ಳಲಾರದ್ದು ಗಿಡವಾಗಿ ಅದೇ ಚೀಲಕ್ಕೆ.

ಅಷ್ಟರಲ್ಲಿ ಅವರ ಮಗಳು, ಎಂಟೊಂಬತ್ತರ ಹುಡುಗಿ, ಮೊಳೆತ ಗೊರಟೆಯೊಂದನ್ನು ಗುಂಡಿಯಿಂದ ಎತ್ತಿಕೊಂಡಳು. ಮೇಲಿನ ಚಿಪ್ಪು ಸುಲಿದಳು. ಒಳಗಿನ ನುಣುಪಾದ ಬೀಜದ ತುದಿಯನ್ನು ಒಗೆಯುವ ಕಲ್ಲಿಗೆ ಗಸಗಸ ಉಜ್ಜತೊಡಗಿದಳು. ಮಧ್ಯಾಹ್ನ ಕಂಡ ಹುಣಸೆ ಬೀಜಗಳನ್ನು ಬಿಳಿ ಮಾಡಿದ್ದ ಕೈಗಳೂ ಹೀಗೇ ಉಜ್ಜಿರಬೇಕು. ಎರಡು ಬೇಳೆಗಳ ನಡುವೆ ಸೀಳು ಕಂಡಾಗ ಊದಿದಳು. ಬರೀ ಗಾಳಿ. ಮತ್ತೆ ಉಜ್ಜಿದಳು, ಎಂಜಲು ಸವರಿ ಊದಿದಳು.

ಪೀ...

ಉಪ್ಪಿನಕಾಯಿ ಹೆಚ್ಚುತ್ತಿದ್ದ ಅಮ್ಮ ಬೆಚ್ಚಿ, “ಒಂದು ಕಸಿ ಗಿಡ ಹೋಯ್ತು ನೋಡಿ,” ಎಂದರು. ಅಪ್ಪ ಏನೂ ಹೇಳಲಿಲ್ಲ. ಗುಂಡಿಯಿಂದ ಇನ್ನೊಂದು ಗೊರಟೆ ಆರಿಸಿ, ಉಜ್ಜಿ, ಊದಿ ನೋಡಿ ನನ್ನ ಕೈಗಿಟ್ಟರು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ನಾನೂ ಒಮ್ಮೆ ಊದಿದೆ.