ಕಂಟ್ರಿ ಯಾರದು, ಬ್ಲೂಸ್ ಯಾರದು?

ಫೋನಿನಲ್ಲಿ ಯಾವುದೇ ಮ್ಯೂಸಿಕ್ ಆ್ಯಪ್ ತೆರೆಯಿರಿ. ಬಣ್ಣಬಣ್ಣದ ಚೌಕಗಳು ಕಾಣುತ್ತವೆ: ಪಾಪ್, ರಾಕ್, ಕಂಟ್ರಿ, ಬ್ಲೂಸ್, ಆರ್ ಅಂಡ್ ಬಿ, ಹಿಪ್‌ಹಾಪ್. ಆಫೀಸ್ ಕ್ಯಾಬ್‌ನಲ್ಲಿ ಕೂತು ಆವತ್ತಿನ ಮೂಡಿಗೆ ತಕ್ಕಂತೆ ಒಂದನ್ನು ಒತ್ತುತ್ತೇವೆ, ಅಷ್ಟೆ. ಅಮೆರಿಕದ ಹಳೆಯ ಹಾಡುಗಳ ಹುಚ್ಚು ನನಗೆ ಹತ್ತಿ ನಾಲ್ಕೈದು ವರ್ಷವಾಯಿತು. ಕೇಳ್ತಾ, ಓದ್ತಾ ಹೋದಂತೆ ಹಾಡುಗಳಷ್ಟೇ ಈ ಚೌಕಗಳ ಹೆಸರುಗಳೂ ಕಾಡತೊಡಗಿದವು. ಯಾಕೆ ಗೊತ್ತಾ? ಇವುಗಳಲ್ಲಿ ಕೆಲವು, ರಾಗ-ತಾಳ ನೋಡಿ ಇಟ್ಟ ಹೆಸರುಗಳಲ್ಲ. ಹಾಡುವವರ, ಕೊಳ್ಳುವವರ ಮೈಬಣ್ಣ ನೋಡಿ ಇಟ್ಟವು.

ಕಥೆ ಶುರುವಾಗೋದು 1920ರ ಆಗಸ್ಟ್‌ನಲ್ಲಿ. ನ್ಯೂಯಾರ್ಕಿನ ಓಕೆ ಎಂಬ ರೆಕಾರ್ಡ್ ಕಂಪನಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯಿಂದ ‘ಕ್ರೇಜಿ ಬ್ಲೂಸ್’ ಹಾಡಿಸಿತು. ಕಪ್ಪು ಜನ ರೆಕಾರ್ಡ್ ಕೊಳ್ಳುತ್ತಾರೆ ಎಂಬ ನಂಬಿಕೆಯೇ ಕಂಪನಿಗಳಿಗೆ ಅಲ್ಲಿಯವರೆಗೆ ಇರಲಿಲ್ಲ. ಹಾಡು ಬರೆದ ಪೆರಿ ಬ್ರಾಡ್‌ಫರ್ಡ್ ಬೆನ್ನುಬಿಡದೆ ಕಾಡಿದ್ದಕ್ಕೆ ಅವರು ಒಪ್ಪಿದ್ದು. ರೆಕಾರ್ಡ್ ಭರ್ಜರಿಯಾಗಿ ಖರ್ಚಾಯಿತು. ರೈಲುಗಳಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಪೋರ್ಟರ್‌ಗಳು ಇಂಥ ರೆಕಾರ್ಡುಗಳನ್ನು ಕಟ್ಟುಗಟ್ಟಲೆ ಕೊಂಡು ದಕ್ಷಿಣದ ಊರುಗಳಲ್ಲಿ ಮಾರುತ್ತಿದ್ದರಂತೆ.

ಲಾಭದ ವಾಸನೆ ಬಂದಮೇಲೆ ಕೇಳಬೇಕೇ? ಕಂಪನಿಗಳು ಕಪ್ಪು ಜನರಿಗಾಗಿಯೇ ಪ್ರತ್ಯೇಕ ಪಟ್ಟಿ ತೆರೆದವು. ಅದರ ಹೆಸರು ‘ರೇಸ್ ರೆಕಾರ್ಡ್ಸ್’. ಆಗ ಆ ಪದ ಬೈಗುಳವಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಕಪ್ಪು ಜನರ ಪತ್ರಿಕೆಗಳೇ ಅದನ್ನು ಹೆಮ್ಮೆಯಿಂದ ಬಳಸುತ್ತಿದ್ದವು. ದಕ್ಷಿಣದ ಬಡ ಬಿಳಿಯರ ಪಿಟೀಲು, ಬ್ಯಾಂಜೋ ಹಾಡುಗಳಿಗೆ ಇನ್ನೊಂದು ಪಟ್ಟಿ. ಅದಕ್ಕೆ ‘ಹಿಲ್‌ಬಿಲ್ಲಿ’ ಎಂಬ ಹೆಸರು ಅಂಟಿಕೊಂಡಿತು, ಅಂದ್ರೆ ಗುಡ್ಡಗಾಡಿನ ಗಮಾರರ ಹಾಡು. ಓಕೆ ಕಂಪನಿಯಲ್ಲಿ 8000ದ ಸರಣಿ ಕಪ್ಪು ಜನರಿಗೆ, 45000ದ ಸರಣಿ ಬಿಳಿಯರಿಗೆ. ತಮಾಷೆ ಎಂದರೆ ರಾಲ್ಫ್ ಪಿಯರ್ ಎಂಬ ಒಬ್ಬನೇ ಮನುಷ್ಯ ಎರಡೂ ಕಪಾಟುಗಳನ್ನು ಕಟ್ಟುವುದರಲ್ಲಿ ಮುಂದಿದ್ದ.

ಆದರೆ ಹಾಡುವವರು ಕಪಾಟಿನ ಪ್ರಕಾರ ಬದುಕುತ್ತಿರಲಿಲ್ಲವಲ್ಲ! ಕಂಟ್ರಿಯ ಗುರುತೇ ಆಗಿಹೋಗಿರುವ ಬ್ಯಾಂಜೋ ಆಫ್ರಿಕಾ ಮೂಲದ ವಾದ್ಯ. ಗುಲಾಮರಾಗಿ ಬಂದವರು ಸೋರೆ ಬುರುಡೆಗೆ ತಂತಿ ಕಟ್ಟಿ ನುಡಿಸುತ್ತಿದ್ದದ್ದು. ಕಂಟ್ರಿಯ ಮೊದಲ ಮನೆತನ ಎನಿಸಿಕೊಂಡ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ಅಲೆಯುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಕಾರ್ಟರ್ ಸಾಹಿತ್ಯ ಬರೆದುಕೊಂಡರೆ ರಿಡಲ್ ಧಾಟಿಯನ್ನು ನೆನಪಿನಲ್ಲಿ ಹಿಡಿದು ತರುತ್ತಿದ್ದರು. ‘ಕಂಟ್ರಿಯ ಪಿತಾಮಹ’ ಜಿಮ್ಮಿ ರಾಜರ್ಸ್ 1930ರಲ್ಲಿ ‘ಬ್ಲೂ ಯೋಡೆಲ್ ನಂಬರ್ 9’ ಹಾಡುವಾಗ ಹಿಂದೆ ಟ್ರಂಪೆಟ್ ಊದಿದವರು ಬೇರಾರೂ ಅಲ್ಲ, ಜಾಝ್‌ನ ಲೂಯಿ ಆರ್ಮ್‌ಸ್ಟ್ರಾಂಗ್! ರೆಕಾರ್ಡಿನ ಮೇಲೆ ಮಾತ್ರ ಅವರ ಹೆಸರಿಲ್ಲ.

ಈ ಎಲ್ಲದರ ನಡುವೆ ನನ್ನನ್ನು ಹೆಚ್ಚು ಕಾಡೋದು ಡಿಫೋರ್ಡ್ ಬೇಲಿ. ನ್ಯಾಶ್‌ವಿಲ್‌ನ ರೇಡಿಯೊದಲ್ಲಿ ಮೌತ್ ಆರ್ಗನ್ ನುಡಿಸುತ್ತಿದ್ದ, ಸಣ್ಣ ಆಳಿನ ಕಪ್ಪು ಕಲಾವಿದ. ಓಡುವ ರೈಲಿನ ಸದ್ದನ್ನು ಆ ಪುಟ್ಟ ವಾದ್ಯದಲ್ಲಿ ತರುತ್ತಿದ್ದರು. 1927ರ ಒಂದು ಶನಿವಾರ, ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಮುಗಿದ ಬೆನ್ನಿಗೇ ಬೇಲಿ ತಮ್ಮ ರೈಲು ಬಿಟ್ಟರು. ನಿರೂಪಕ ಜಾರ್ಜ್ ಹೇ, ಇಷ್ಟು ಹೊತ್ತು ನೀವು ಕೇಳಿದ್ದು ಗ್ರ್ಯಾಂಡ್ ಆಪೆರಾ, ಇನ್ನು ನಮ್ಮದು ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬರ್ಥದ ಮಾತಾಡಿ ನಗಿಸಿದರು. ಕಂಟ್ರಿ ಸಂಗೀತದ ಅತಿ ದೊಡ್ಡ ವೇದಿಕೆಗೆ ಆ ಹೆಸರು ಬಂದದ್ದು ಹೀಗೆ, ಅಂದ್ರೆ ಒಬ್ಬ ಕಪ್ಪು ಕಲಾವಿದ ಮೈಕಿನ ಮುಂದಿದ್ದ ರಾತ್ರಿ.

ಬೇಲಿ ಆ ಕಾರ್ಯಕ್ರಮದ ತಾರೆಯಾದರು. ತಂಡದ ಜೊತೆ ಊರೂರು ಸುತ್ತಿದರು. ರೇಡಿಯೊದಲ್ಲಿ ಬಣ್ಣ ಕಾಣುವುದಿಲ್ಲ. ಹೋಟೆಲಿನ ಬಾಗಿಲಲ್ಲಿ ಕಾಣುತ್ತದೆ. ಚಪ್ಪಾಳೆ ಗಿಟ್ಟಿಸಿದ ಊರಿನಲ್ಲೇ ಅವರಿಗೆ ಊಟಕ್ಕೆ ಮೇಜಿಲ್ಲ, ಮಲಗಲು ಕೋಣೆಯಿಲ್ಲ. 1941ರಲ್ಲಿ ಅವರನ್ನು ಕಾರ್ಯಕ್ರಮದಿಂದ ತೆಗೆದುಹಾಕಿದರು. ಹಾಡುಗಳ ಹಕ್ಕಿನ ಜಗಳದಲ್ಲಿ ಅವರ ಪ್ರಸಿದ್ಧ ಧಾಟಿಗಳನ್ನು ರೇಡಿಯೊದಲ್ಲಿ ನುಡಿಸುವ ಹಾಗಿರಲಿಲ್ಲ, ಹೊಸದನ್ನು ಕಲಿಯಲಿಲ್ಲ ಎಂದು ಕಾರಣ ಕೊಟ್ಟರು. ಮುಂದೆ ದಶಕಗಳ ಕಾಲ ಅದೇ ಊರಿನಲ್ಲಿ ಶೂ ಪಾಲಿಶ್ ಅಂಗಡಿ ನಡೆಸಿ ಜೀವನ ಮಾಡಿದರು. ತೀರಿಕೊಂಡದ್ದು 1982ರಲ್ಲಿ. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2005ರಲ್ಲಿ.

ಅತ್ತ ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕಪ್ಪು ಜನ ಉತ್ತರದ ಕಾರ್ಖಾನೆ ಊರುಗಳಿಗೆ ಹೊರಟಿದ್ದರು. 1970ರ ಹೊತ್ತಿಗೆ ಹೀಗೆ ಗುಳೆ ಹೋದವರು ಸುಮಾರು 60 ಲಕ್ಷ. ಹಾಡೂ ಅವರ ಜೊತೆ ರೈಲು ಹತ್ತಿತು. 1943ರಲ್ಲಿ ಮಿಸಿಸಿಪ್ಪಿಯಿಂದ ಷಿಕಾಗೋಗೆ ಬಂದ ಮಡ್ಡಿ ವಾಟರ್ಸ್, ಬಾರುಗಳ ಗದ್ದಲದಲ್ಲಿ ತನ್ನ ಗಿಟಾರ್ ಯಾರಿಗೂ ಕೇಳುತ್ತಿಲ್ಲವೆಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ರಾಕ್‌ನ ಅಬ್ಬರಕ್ಕೆ ಇಂಥ ಗದ್ದಲವೂ ಒಂದು ಕಾರಣ.

ಹೊಸ ಸಂಗೀತಕ್ಕೆ ಹೊಸ ಹೆಸರು ಬೇಕಾಯಿತು. ಯಾವ ಹಾಡು ಮುಂದಿದೆ ಎಂದು ವಾರವಾರ ಪಟ್ಟಿ ಹಾಕುವ ‘ಬಿಲ್‌ಬೋರ್ಡ್’ ಪತ್ರಿಕೆ ಕಪ್ಪು ಜನರ ಹಾಡುಗಳನ್ನು 1942ರಲ್ಲಿ ‘ಹಾರ್ಲೆಮ್ ಹಿಟ್ ಪರೇಡ್’ ಅಂತಲೂ 1945ರಿಂದ ‘ರೇಸ್ ರೆಕಾರ್ಡ್ಸ್’ ಅಂತಲೂ ಕರೆಯುತ್ತಿತ್ತು. ಅಲ್ಲಿನ ವರದಿಗಾರ ಜೆರ್ರಿ ವೆಕ್ಸ್‌ಲರ್‌ಗೆ ಅದು ಸರಿಬರಲಿಲ್ಲ. ಅವರ ಸಲಹೆಯಂತೆ 1949ರ ಜೂನ್‌ನಲ್ಲಿ ಪಟ್ಟಿಯ ಹೆಸರು ‘ರಿದಮ್ ಅಂಡ್ ಬ್ಲೂಸ್’ ಆಯಿತು. ನಮ್ಮ ಆ್ಯಪ್‌ನ ‘ಆರ್ ಅಂಡ್ ಬಿ’ ಚೌಕ ಅದೇ. ಹೆಸರು ಮರ್ಯಾದೆಯದಾಯಿತು, ನಿಜ. ಗೋಡೆ ಮಾತ್ರ ಇದ್ದಲ್ಲೇ ಇತ್ತು.

ಅದು ಎಷ್ಟು ಗಟ್ಟಿ ಗೋಡೆ ಅಂತ ನೋಡಬೇಕಾದರೆ 1954ರ ಜುಲೈನ ಮೆಂಫಿಸ್‌ಗೆ ಹೋಗಬೇಕು. 19ರ ಹುಡುಗ ಎಲ್ವಿಸ್ ಪ್ರೀಸ್ಲಿಯ ಮೊದಲ ರೆಕಾರ್ಡ್. ಒಂದು ಮಗ್ಗುಲಲ್ಲಿ ಕಪ್ಪು ಗಾಯಕ ಆರ್ಥರ್ ಕ್ರುಡಪ್ ಅವರ ಬ್ಲೂಸ್, ಇನ್ನೊಂದರಲ್ಲಿ ಬಿಳಿಯ ಬಿಲ್ ಮನ್ರೋ ಅವರ ಬ್ಲೂಗ್ರಾಸ್. ಎರಡೂ ಕಪಾಟು ಒಂದೇ ತಟ್ಟೆಯಲ್ಲಿ! ಸ್ಥಳೀಯ ರೇಡಿಯೊದ ಡ್ಯೂಯಿ ಫಿಲಿಪ್ಸ್ ಅದನ್ನು ಹಾಕಿದ್ದೇ ತಡ, ಫೋನುಗಳು ಬಡಿದುಕೊಂಡವು. ಹುಡುಗನನ್ನು ಕರೆಸಿ ಮಾತಾಡಿಸುವಾಗ ಫಿಲಿಪ್ಸ್, ಯಾವ ಹೈಸ್ಕೂಲಿನಲ್ಲಿ ಓದಿದ್ದು ಎಂದು ಕೇಳಿದ. ‘ಹ್ಯೂಮ್ಸ್’ ಎಂಬ ಉತ್ತರ ಬಂತು. ಅದು ಬಿಳಿಯರ ಶಾಲೆ. ಹಾಡಿದವನ ಬಣ್ಣ ಯಾವುದೆಂದು ಊರಿಗೆಲ್ಲ ತಿಳಿದುಹೋಯಿತು. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಆಗಿನ್ನೂ ಎರಡೇ ತಿಂಗಳು!

ಎಲ್ವಿಸ್ ಕಪ್ಪು ಜನರ ಸಂಗೀತ ಕದ್ದ ಅನ್ನೋ ವಾದ ನೀವೂ ಕೇಳಿರಬಹುದು. ನನಗದು ಪೂರ್ತಿ ಒಪ್ಪಿಗೆಯಿಲ್ಲ. ತಾನು ಯಾರಿಂದ ಕಲಿತೆ ಎಂಬುದನ್ನು ಆತ ಮುಚ್ಚಿಡಲಿಲ್ಲ. ಅನ್ಯಾಯ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ‘ಹೌಂಡ್ ಡಾಗ್’ ಹಾಡನ್ನು ಮೊದಲು ಹಾಡಿದ್ದು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ. 1953ರಲ್ಲಿ ಅದು ಆರ್ ಅಂಡ್ ಬಿ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ತನ್ನ ಕೈಗೆ ಬಂದದ್ದು 500 ಡಾಲರಿನ ಒಂದು ಚೆಕ್ ಮಾತ್ರ ಅಂತ ಆಕೆ ಹೇಳಿಕೊಂಡಿದ್ದಾರೆ. 1956ರಲ್ಲಿ ಎಲ್ವಿಸ್ ಹಾಡಿದ ಅದೇ ಹಾಡು ಪಾಪ್, ಕಂಟ್ರಿ, ಆರ್ ಅಂಡ್ ಬಿ ಮೂರೂ ಪಟ್ಟಿಗಳ ತುದಿಗೇರಿತು. ಅದೇ ವರ್ಷ ಲಿಟಲ್ ರಿಚರ್ಡ್ ಅವರ ‘ಟುಟ್ಟಿ ಫ್ರುಟ್ಟಿ’ಯನ್ನು ಪ್ಯಾಟ್ ಬೂನ್ ಎಂಬ ಬಿಳಿ ಗಾಯಕ ಸಪ್ಪೆಯಾಗಿ ಹಾಡಿ, ಪಾಪ್ ಪಟ್ಟಿಯಲ್ಲಿ ಮೂಲ ಗಾಯಕನಿಗಿಂತ ಮೇಲೆ ಹೋದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ನಗು ಬರದಿದ್ದರೆ ಹೇಳಿ.

ಗೋಡೆಯನ್ನು ಹತ್ತಿ ದಾಟಿದವರೂ ಇದ್ದಾರೆ. ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ, ಮನೆಯವರಿಂದ 800 ಡಾಲರ್ ಸಾಲ ಪಡೆದು 1959ರಲ್ಲಿ ಮೋಟೌನ್ ಶುರುಮಾಡಿದರು. ಅದರ ಹಾಡುಗಳಿಗೆ ಬಿಳಿಯರ ಮಕ್ಕಳೂ ಕುಣಿದರು. ರೇ ಚಾರ್ಲ್ಸ್ 1962ರಲ್ಲಿ ಇಡೀ ಆಲ್ಬಮ್ಮನ್ನೇ ಕಂಟ್ರಿ ಹಾಡುಗಳಿಂದ ಮಾಡಿ ಗೆದ್ದರು. ಆದರೂ ನಾಲ್ಕು ವರ್ಷದ ನಂತರ ಕಪ್ಪು ಗಾಯಕ ಚಾರ್ಲಿ ಪ್ರೈಡ್ ಅವರ ಕಂಟ್ರಿ ರೆಕಾರ್ಡುಗಳನ್ನು ಕಂಪನಿ ರೇಡಿಯೊಗಳಿಗೆ ಕಳಿಸಿದ್ದು ಫೋಟೊ ಇಲ್ಲದೆ.

ಇದೆಲ್ಲ ಅಜ್ಜನ ಕಾಲದ್ದು ಅಂದ್ಕೊಂಡ್ರಾ? 2019ರ ಮಾರ್ಚ್‌ನಲ್ಲಿ ಲಿಲ್ ನಾಸ್ ಎಕ್ಸ್ ಎಂಬ 19ರ ಕಪ್ಪು ಹುಡುಗ, ಆನ್‌ಲೈನ್‌ನಲ್ಲಿ 30 ಡಾಲರಿಗೆ ಕೊಂಡ ಬೀಟ್‌ನಲ್ಲಿ ಮಾಡಿದ ‘ಓಲ್ಡ್ ಟೌನ್ ರೋಡ್’ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಗೆ ಬಂತು. ಇದರಲ್ಲಿ ಕಂಟ್ರಿಯ ಲಕ್ಷಣ ಸಾಕಷ್ಟಿಲ್ಲ ಎಂದು ಪತ್ರಿಕೆ ಅದನ್ನು ತೆಗೆದುಹಾಕಿತು. ಹಾಡು ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತು ಆಗಿನ ದಾಖಲೆ ಮುರಿಯಿತು. 2024ರಲ್ಲಿ ಬಿಯಾನ್ಸೆ ‘ಕೌಬಾಯ್ ಕಾರ್ಟರ್’ ತಂದರು; ಕಂಟ್ರಿ ಪಟ್ಟಿಯ ತುದಿಗೇರಿದ ಮೊದಲ ಕಪ್ಪು ಮಹಿಳೆಯಾದರು. ನ್ಯಾಶ್‌ವಿಲ್‌ನ ಕಂಟ್ರಿ ಸಂಘದ ಪ್ರಶಸ್ತಿಗಳಿಗೆ ಒಂದೇ ಒಂದು ನಾಮನಿರ್ದೇಶನವೂ ಸಿಗಲಿಲ್ಲ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ಅತ್ಯುತ್ತಮ ಕಂಟ್ರಿ ಆಲ್ಬಮ್ ಪ್ರಶಸ್ತಿಯನ್ನು ಅದಕ್ಕೇ ಕೊಟ್ಟರು. ನಾಲ್ಕೇ ತಿಂಗಳಲ್ಲಿ ಆ ಪ್ರಶಸ್ತಿಯನ್ನು ಎರಡಾಗಿ ಒಡೆಯುವ ಪ್ರಕಟಣೆ ಬಂತು: ‘ಸಾಂಪ್ರದಾಯಿಕ ಕಂಟ್ರಿ’ ಒಂದು, ‘ಸಮಕಾಲೀನ ಕಂಟ್ರಿ’ ಇನ್ನೊಂದು.

ಡಿಫೋರ್ಡ್ ಬೇಲಿಯ ‘ಪ್ಯಾನ್ ಅಮೆರಿಕನ್ ಬ್ಲೂಸ್’ ಯೂಟ್ಯೂಬಿನಲ್ಲಿದೆ, ಸುಮಾರು ಮೂರು ನಿಮಿಷ. ಹೆಸರಿನಲ್ಲಿ ಬ್ಲೂಸ್ ಇದೆ, ಹುಟ್ಟಿದ್ದು ಕಂಟ್ರಿಯ ತವರಿನಲ್ಲಿ, ಕೇಳಿಸೋದು ಬರೀ ರೈಲು. ಇಯರ್‌ಫೋನ್ ಹಾಕ್ಕೊಂಡೇ ಕೇಳಿ.