ಟ್ರಕ್ ಹಾಗೂ ಎಸ್.ಯು.ವಿ. ವಾಹನಗಳ ಬ್ರೇಕ್ ಸವೆತ ಮತ್ತು ದುರಸ್ತಿ: ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವವರಿಗೆ ಮಾಹಿತಿ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಸರಕು ಸಾಗಣೆ ಟ್ರಕ್, ಮ್ಯಾಕ್ಸಿ ಕ್ಯಾಬ್ ಹಾಗೂ ಖಾಸಗಿ ಎಸ್.ಯು.ವಿ. ವಾಹನಗಳ ಮಾಲೀಕರು ಮತ್ತು ಚಾಲಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಅಪಘಾತದ ನಂತರ "ಬ್ರೇಕ್ ಫೇಲ್ ಆಯಿತು" ಎಂದು ಹೇಳುವುದು ಸಾಮಾನ್ಯ. ವಾಸ್ತವವಾಗಿ, ಸುಸ್ಥಿತಿಯಲ್ಲಿದ್ದ ಬ್ರೇಕ್ ಒಂದೇ ಕ್ಷಣದಲ್ಲಿ ಕೈಕೊಡುವುದು ಅಪರೂಪ. ಬಹುತೇಕ ಸಂದರ್ಭಗಳಲ್ಲಿ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಮುನ್ಸೂಚನೆ ನೀಡಿರುತ್ತದೆ. ಆ ಸೂಚನೆಗಳನ್ನು ಗುರುತಿಸುವುದು ಹೇಗೆ, ದುರಸ್ತಿಯಲ್ಲಿ ಆಗುವ ತಪ್ಪುಗಳು ಯಾವುವು, ತಪಾಸಣೆಗೆ ಬರುವ ಮುನ್ನ ಏನು ಮಾಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅರ್ಹತಾ ಪತ್ರ ಎಂದರೇನು?

ಸಾಮಾನ್ಯವಾಗಿ "ಎಫ್.ಸಿ." ಎಂದು ಕರೆಯಲಾಗುವ ಅರ್ಹತಾ ಪತ್ರವನ್ನು ಮೋಟಾರು ವಾಹನಗಳ ಕಾಯ್ದೆ, 1988ರ 56ನೇ ಪ್ರಕರಣದ ಅನ್ವಯ ನಮೂನೆ 38ರಲ್ಲಿ ನೀಡಲಾಗುತ್ತದೆ. ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಕಾಯ್ದೆಯು ಪರಿಗಣಿಸುವುದಿಲ್ಲ. ಎಫ್.ಸಿ. ಮುಗಿದಿದ್ದರೂ ನೋಂದಣಿ ಪತ್ರ ಇದೆಯಲ್ಲ ಎಂಬ ವಾದ ನಿಲ್ಲದಿರುವುದು ಈ ಕಾರಣದಿಂದಲೇ. ಹೊಸ ಸಾರಿಗೆ ವಾಹನಕ್ಕೆ ಮೊದಲ ಎರಡು ವರ್ಷ, ನಂತರ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ನವೀಕರಣ ಎಂಬುದು 2018ರಲ್ಲಿ ತಿದ್ದುಪಡಿಯಾದ ನಿಯಮ 62ರ ವ್ಯವಸ್ಥೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತಪಾಸಣೆಯ ದಿನ ವಾಹನವು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನಷ್ಟೇ ಅರ್ಹತಾ ಪತ್ರ ಹೇಳುತ್ತದೆ. ಮುಂದಿನ ಎರಡು ವರ್ಷ ಬ್ರೇಕ್ ಹಿಡಿಯುತ್ತದೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಖಾಸಗಿ ಎಸ್.ಯು.ವಿ.ಗಳ ವಿಷಯ ಇನ್ನೂ ಸೂಕ್ಷ್ಮ. ಅವುಗಳ ನೋಂದಣಿಯ ಅವಧಿ ಹದಿನೈದು ವರ್ಷ. ಅಷ್ಟು ಕಾಲ ಅವುಗಳ ಬ್ರೇಕ್ ಪರೀಕ್ಷೆಗಾಗಿ ನಿಯತಕಾಲಿಕ ಅರ್ಹತಾ ತಪಾಸಣೆ ಇರುವುದಿಲ್ಲ. ಮದುವೆ, ಜಾತ್ರೆ, ಯಾತ್ರೆಗಳಿಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವ ವಾಹನಗಳಲ್ಲಿ ಇಂಥವೇ ಹೆಚ್ಚು.

ಈ ಭಾಗದ ವಾಹನಗಳ ಬ್ರೇಕ್ ಏಕೆ ಸವೆಯುತ್ತದೆ?

ರೋಣ ಮತ್ತು ನರಗುಂದ ತಾಲ್ಲೂಕುಗಳ ಬಹುಭಾಗ ಸಮತಟ್ಟಾದ ಎರೆಭೂಮಿ. ನೇರ ರಸ್ತೆಯಲ್ಲಿ ಬ್ರೇಕ್‌ನ ಬಳಕೆ ಕಡಿಮೆ. ಆದುದರಿಂದ ಅದರ ಶಕ್ತಿ ಅರ್ಧಕ್ಕೆ ಇಳಿದಿದ್ದರೂ ಚಾಲಕರ ಗಮನಕ್ಕೆ ಬರುವುದಿಲ್ಲ. ಆದರೆ ಇಲ್ಲಿ ಕಡಲೆ, ಹೆಸರು, ಈರುಳ್ಳಿ ತುಂಬಿಕೊಂಡ ಟ್ರಕ್ ಇಲ್ಲಿಯೇ ಉಳಿಯುವುದಿಲ್ಲ. ನರಗುಂದದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟವಿಳಿದು ಅಂಕೋಲಾ ತಲುಪುತ್ತದೆ. ಎರೆಭೂಮಿಯಲ್ಲಿ ಗುಟ್ಟಾಗಿ ಉಳಿದ ದೋಷವು ಘಟ್ಟದ ತಿರುವಿನಲ್ಲಿ ಹೊರಬೀಳುತ್ತದೆ.

ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಡ್ರಮ್‌ನ ಹಿಂಬದಿಯ ತಗಡಿನ ಸಂದಿನಿಂದ ಒಳಸೇರಿ, ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರಿಂದ ಲೈನರ್ ಉಜ್ಜಿಹೋಗುತ್ತದೆ, ಬ್ರೇಕ್ ಶೂ ಹಿಂದಕ್ಕೆ ಸರಿಯದೆ ಅಂಟಿಕೊಳ್ಳುತ್ತದೆ. ಸುಗ್ಗಿ ಮುಗಿದ ಮೇಲೆ ಹ್ಯಾಂಡ್ ಬ್ರೇಕ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ ವಾಹನಗಳಲ್ಲಿ ತುಕ್ಕು ಹಿಡಿದು ಇದೇ ತೊಂದರೆ ಉಂಟಾಗುತ್ತದೆ.

2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭಾ ನದಿಯ ಪ್ರವಾಹದಿಂದ ಕೊಣ್ಣೂರು ಮುಂತಾದ ಗ್ರಾಮಗಳು ಜಲಾವೃತವಾದುದು ಎಲ್ಲರಿಗೂ ನೆನಪಿದೆ. ಬೆಣ್ಣೆಹಳ್ಳವೂ ಉಕ್ಕಿ ಹರಿಯುವುದುಂಟು. ನೀರು ಹರಿಯುತ್ತಿರುವ ರಸ್ತೆ ಅಥವಾ ಸೇತುವೆಯನ್ನು ದಾಟುವ ಸಾಹಸವನ್ನು ಮಾಡಲೇಬಾರದು. ಮಳೆನೀರು ನಿಂತ ರಸ್ತೆಯಲ್ಲಿ ಬಂದ ನಂತರವಾದರೂ, ಒದ್ದೆಯಾದ ಲೈನರ್ ಸರಿಯಾಗಿ ಹಿಡಿಯುವುದಿಲ್ಲವೆಂಬುದನ್ನು ನೆನಪಿಟ್ಟು, ನಿಧಾನವಾಗಿ ಚಲಿಸುತ್ತ ಪೆಡಲನ್ನು ಹಗುರವಾಗಿ ಹಲವು ಬಾರಿ ಒತ್ತಿ ಬ್ರೇಕನ್ನು ಒಣಗಿಸಿಕೊಳ್ಳತಕ್ಕದ್ದು.

ಘಟ್ಟದಲ್ಲಿ ನಡೆಯುವುದೇನು?

ಬ್ರೇಕ್ ಹಾಕಿದಾಗ ವಾಹನದ ವೇಗದ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಒಟ್ಟು 19 ಟನ್ ತೂಕದ ಟ್ರಕ್ 100 ಮೀಟರ್ ಎತ್ತರದಿಂದ ಕೇವಲ ಬ್ರೇಕ್‌ನ ಬಲದಿಂದ ಇಳಿದರೆ ಹುಟ್ಟುವ ಶಾಖವು ಸುಮಾರು 55 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಅದೇ ಟ್ರಕ್‌ಗೆ ಐದು ಟನ್ ಹೆಚ್ಚು ಹೇರಿದರೆ ಈ ಪ್ರಮಾಣ 70 ಲೀಟರ್ ಆಗುತ್ತದೆ. ಡ್ರಮ್‌ಗಳ ಸಂಖ್ಯೆ ಮಾತ್ರ ಹೆಚ್ಚುವುದಿಲ್ಲ. ವೇಗದ ಲೆಕ್ಕವೂ ಹೀಗೆಯೇ. ಗಂಟೆಗೆ 40 ಕಿ.ಮೀ. ಬದಲು 60 ಕಿ.ಮೀ. ವೇಗದಲ್ಲಿರುವ ವಾಹನವನ್ನು ನಿಲ್ಲಿಸಲು ಎರಡೂಕಾಲು ಪಟ್ಟು ಶಕ್ತಿಯನ್ನು ಬ್ರೇಕ್ ನುಂಗಬೇಕಾಗುತ್ತದೆ.

ಗಾಳಿ ಬ್ರೇಕ್ ಇರುವ ಟ್ರಕ್‌ಗಳಲ್ಲಿ ಚಾಲಕರು ಪೆಡಲ್ ಒತ್ತಿದಾಗ ಟ್ಯಾಂಕಿನ ಗಾಳಿಯು ಚೇಂಬರ್‌ಗೆ ನುಗ್ಗಿ ಒಂದು ಸರಳನ್ನು ಹೊರಕ್ಕೆ ತಳ್ಳುತ್ತದೆ. ಆ ಸರಳು ಸ್ಲ್ಯಾಕ್ ಅಡ್ಜಸ್ಟರ್ ಮೂಲಕ ಕ್ಯಾಮ್ ತಿರುಗಿಸಿ ಶೂಗಳನ್ನು ಡ್ರಮ್‌ಗೆ ಒತ್ತುತ್ತದೆ. ಸರಳು ಚಲಿಸಬಲ್ಲ ದೂರಕ್ಕೆ ಒಂದು ಮಿತಿಯಿದೆ. ಲೈನರ್ ಸವೆದಷ್ಟೂ ಸರಳು ಹೆಚ್ಚು ದೂರ ಬರಬೇಕಾಗುತ್ತದೆ. ಡ್ರಮ್ ಕಾದಾಗ ಅದು ಹಿಗ್ಗಿ ಲೈನರ್‌ನಿಂದ ಮತ್ತಷ್ಟು ದೂರವಾಗುತ್ತದೆ, ಕಾದ ಲೈನರ್‌ನ ಹಿಡಿತವೂ ಕುಗ್ಗುತ್ತದೆ. ಊರಿನಲ್ಲಿ ತಣ್ಣಗಿದ್ದಾಗ ಹೇಗೋ ಹಿಡಿಯುತ್ತಿದ್ದ ಬ್ರೇಕ್, ಘಟ್ಟದ ಅರ್ಧದಲ್ಲಿ ಸರಳಿನ ಮಿತಿ ಮುಗಿದು, ಎಷ್ಟು ಒತ್ತಿದರೂ ಹಿಡಿಯದಂತಾಗುತ್ತದೆ. ಮೀಟರಿನಲ್ಲಿ ಗಾಳಿ ಪೂರ್ತಿ ಇರುತ್ತದೆ; ವಾಹನ ನಿಲ್ಲುವುದಿಲ್ಲ. "ಫೇಲ್" ಎಂಬ ಪದದ ಹಿಂದೆ ಅನೇಕ ಬಾರಿ ಇರುವುದು ಇದೇ.

ಎಸ್.ಯು.ವಿ.ಗಳಲ್ಲಿ ಗಾಳಿಯ ಬದಲು ಬ್ರೇಕ್ ಆಯಿಲ್ ಇರುತ್ತದೆ. ಈ ದ್ರವವು ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್‌ನ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲಿನ ಮಾನದಂಡ 140 ಡಿಗ್ರಿ ಮಾತ್ರ. ಡಾಟ್ 4 ದರ್ಜೆಗೆ ಇವು ಕ್ರಮವಾಗಿ 230 ಮತ್ತು 155. ಇಳಿಜಾರಿನ ಶಾಖಕ್ಕೆ ಹಳೆಯ ಆಯಿಲ್ ಕುದಿದು ಕೊಳವೆಯಲ್ಲಿ ಆವಿ ತುಂಬಿದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ತಯಾರಕರ ಪುಸ್ತಕದಲ್ಲಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಆಯಿಲ್ ಪೂರ್ತಿ ಬದಲಾಯಿಸುವುದು ಅವಶ್ಯಕ. ಕಡಿಮೆಯಾದಷ್ಟನ್ನು ಮೇಲಿಂದ ಸುರಿದರೆ ಸಾಲದು. ಕಡಿಮೆಯಾಗಿದೆ ಎಂದರೆ ಪ್ಯಾಡ್ ಸವೆದಿದೆ ಅಥವಾ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ.

ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವುದು ಅಥವಾ ಇಂಜಿನ್ ಆಫ್ ಮಾಡುವುದು ಅತ್ಯಂತ ಅಪಾಯಕಾರಿ ಅಭ್ಯಾಸ. ಗೇರಿನಲ್ಲಿದ್ದಾಗ ಇಂಜಿನ್ನೇ ವಾಹನವನ್ನು ತಡೆಯುತ್ತದೆ. ನ್ಯೂಟ್ರಲ್‌ನಲ್ಲಿ ಪೂರ್ತಿ ಹೊರೆ ಡ್ರಮ್‌ಗಳ ಮೇಲೆ ಬೀಳುತ್ತದೆ. ಇಂಜಿನ್ ನಿಂತರೆ ಟ್ರಕ್‌ನ ಕಂಪ್ರೆಸರ್ ಹೊಸ ಗಾಳಿ ತುಂಬುವುದಿಲ್ಲ, ಎಸ್.ಯು.ವಿ.ಯ ಬೂಸ್ಟರ್‌ಗೆ ಬಲ ಸಿಗದೆ ಪೆಡಲ್ ಕಲ್ಲಿನಂತಾಗುತ್ತದೆ. ಉಳಿಯುವ ಡೀಸೆಲ್ ಎಷ್ಟು ಎಂಬುದನ್ನು ಮಾಲೀಕರೇ ಲೆಕ್ಕ ಹಾಕಬಹುದು. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಕ್ಸಾಸ್ಟ್ ಬ್ರೇಕ್ ಇದ್ದಲ್ಲಿ ಅದನ್ನೂ ಬಳಸಿ ಇಳಿಯತಕ್ಕದ್ದು.

ದುರಸ್ತಿಯಲ್ಲಿ ಕಂಡುಬರುವ ತಪ್ಪುಗಳು

ಒಂದು ಬದಿಯ ಚಕ್ರಕ್ಕೆ ಮಾತ್ರ ಹೊಸ ಲೈನರ್ ಹಾಕಿಸುವುದು ಮೊದಲನೆಯ ತಪ್ಪು. ಒಂದು ಆಕ್ಸಲ್‌ನ ಎರಡೂ ಬದಿಗೆ ಒಂದೇ ದರ್ಜೆಯ ಲೈನರ್ ಇರದಿದ್ದರೆ ಬ್ರೇಕ್ ಹಾಕಿದೊಡನೆ ವಾಹನ ಒಂದು ಕಡೆಗೆ ಎಳೆಯುತ್ತದೆ. ಇದನ್ನು ತಪ್ಪಿಸಲು ಕೆಲವರು ಮುಂದಿನ ಬ್ರೇಕ್ ಅನ್ನೇ ಸಡಿಲಗೊಳಿಸುತ್ತಾರೆ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕ್ ಇಲ್ಲದ ವಾಹನ ನಿಲ್ಲಲು ಬಹಳ ದೂರ ಬೇಕಾಗುತ್ತದೆ.

ಹಬ್‌ನ ಆಯಿಲ್ ಸೀಲ್ ಹೋಗಿ ಲೈನರ್ ಎಣ್ಣೆ ಕುಡಿದಿದ್ದರೆ ಅದನ್ನು ಪೆಟ್ರೋಲಿನಿಂದ ತೊಳೆದು ಅಥವಾ ಸುಟ್ಟು ಮತ್ತೆ ಹಾಕುವುದು ಸರಿಯಲ್ಲ. ಮೇಲ್ಮೈ ಒಣಗಿದಂತೆ ಕಂಡರೂ ಕಾದಾಗ ಎಣ್ಣೆ ಮತ್ತೆ ಹೊರಬರುತ್ತದೆ. ಸೀಲ್ ಮತ್ತು ಲೈನರ್ ಎರಡನ್ನೂ ಬದಲಾಯಿಸಬೇಕು. ಲೈನರ್ ಸವೆದು ರಿವೆಟ್ ಡ್ರಮ್‌ಗೆ ತಾಗುವವರೆಗೆ ಕಾಯುವುದೂ ಇದೆ. ವಾಣಿಜ್ಯ ವಿಷಯವನ್ನು ಓದಿದವರಿಗೆ ಇದು ಬೇಗ ಅರ್ಥವಾಗುವ ಮಾತು: ಲೈನರ್ ಎಂಬುದು ಆವರ್ತಕ ಖರ್ಚು, ಡ್ರಮ್ ಎಂಬುದು ಆಸ್ತಿ. ಖರ್ಚನ್ನು ಮುಂದೂಡಿದವರು ಆಸ್ತಿಯನ್ನು ಕಳೆದುಕೊಳ್ಳುತ್ತಾರೆ. ಗೆರೆ ಬಿದ್ದ ಡ್ರಮ್ ಅನ್ನು ಲೇತ್‌ನಲ್ಲಿ ಟರ್ನಿಂಗ್ ಮಾಡಿಸಬಹುದಾದರೂ ತಯಾರಕರು ನಿಗದಿಪಡಿಸಿದ ಗರಿಷ್ಠ ವ್ಯಾಸವನ್ನು ಮೀರುವಂತಿಲ್ಲ. ತೆಳುವಾದ ಡ್ರಮ್ ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ.

ಗ್ಯಾರೇಜಿನ ಕೆಲಸಗಾರರ ಬಗ್ಗೆಯೂ ಒಂದು ಮಾತು. ಹಳೆಯ ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಅಸ್ಬೆಸ್ಟಾಸ್, ಇರುವ ಸಾಧ್ಯತೆಯಿದ್ದು ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಡ್ರಮ್‌ನ ಧೂಳನ್ನು ಗಾಳಿಯ ಪೈಪಿನಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು. ಈ ಕೆಲಸದ ಬಳಿ ಮಕ್ಕಳನ್ನು ನಿಲ್ಲಿಸಬಾರದು.

ತಪಾಸಣೆಗೆ ಬರುವ ಮುನ್ನ

ಎಫ್.ಸಿ. ದಿನದ ಹಿಂದಿನ ಸಂಜೆ ಲೈನರ್ ಹಾಕಿಸಿ, ಅಡ್ಜಸ್ಟರ್ ಬಿಗಿ ಮಾಡಿಸಿ, ಬೆಳಿಗ್ಗೆ ಗದಗಕ್ಕೆ ಹೊರಡುವ ರೂಢಿಯಿದೆ. ಹೊಸ ಲೈನರ್ ಡ್ರಮ್‌ಗೆ ಪೂರ್ತಿ ಕೂರಲು ಕೆಲವು ನೂರು ಕಿಲೋಮೀಟರ್ ಓಡಬೇಕು. ಅಲ್ಲಿಯವರೆಗೆ ಅದರ ಹಿಡಿತ ಕಡಿಮೆ. ಎರಡು ವಾರ ಮೊದಲೇ ಕೆಲಸ ಮಾಡಿಸಿದರೆ ಪ್ರಯಾಣ ವ್ಯರ್ಥವಾಗುವುದಿಲ್ಲ. ತಾನಾಗಿಯೇ ಹೊಂದಿಸಿಕೊಳ್ಳುವ ಸ್ಲ್ಯಾಕ್ ಅಡ್ಜಸ್ಟರ್ ಇರುವ ಟ್ರಕ್‌ಗಳಲ್ಲಿ ಅದನ್ನು ಸ್ಪ್ಯಾನರಿನಿಂದ ಪದೇ ಪದೇ ಬಿಗಿ ಮಾಡಬೇಕಾಗಿ ಬಂದರೆ ಬೇರೆ ದೋಷವಿದೆ ಎಂದು ತಿಳಿಯಬೇಕು. ಬಿಗಿ ಮಾಡಿದ್ದರಿಂದ ದೋಷ ಮರೆಯಾಗುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ.

ಪ್ರತಿದಿನ ಗಾಳಿ ಟ್ಯಾಂಕಿನ ನೀರನ್ನು ಹೊರಬಿಡುವುದು. ಟ್ಯಾಂಕ್ ತುಂಬಿದ ಮೇಲೆ ಇಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಕಲ್ಲು ಇಟ್ಟು, ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯುವುದು. ಮೊದಲ ಇಳಿಕೆಯ ನಂತರವೂ ಮುಳ್ಳು ಇಳಿಯುತ್ತಲೇ ಇದ್ದರೆ ಅಥವಾ ಸುಯ್ ಎಂಬ ಶಬ್ದ ಕೇಳಿದರೆ ಸೋರಿಕೆಯಿದೆ. ಎಬಿಎಸ್ ದೀಪ ಉರಿಯುತ್ತಲೇ ಇದ್ದರೆ ಬಲ್ಬ್ ತೆಗೆಯುವುದರಿಂದ ಪ್ರಯೋಜನವಿಲ್ಲ. ಸಾಮಾನ್ಯ ಬ್ರೇಕ್ ಕೆಲಸ ಮಾಡಿದರೂ ಚಕ್ರ ಜಾಮ್ ಆಗಿ ಜಾರುವುದನ್ನು ತಡೆಯುವ ವ್ಯವಸ್ಥೆ ಸತ್ತಿದೆ ಎಂದರ್ಥ. ಎಸ್.ಯು.ವಿ.ಗಳಲ್ಲಿ ಕೀರಲು ಶಬ್ದ, ಪೆಡಲ್ ನಡುಗುವುದು, ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಪ್ಯಾಡ್ ತೆಗೆಸಿ ನೋಡುವುದು.

ತಿರಸ್ಕೃತವಾದಲ್ಲಿ

ಬ್ರೇಕ್ ದೋಷದ ಕಾರಣದಿಂದ ಅರ್ಹತಾ ಪತ್ರ ನಿರಾಕರಿಸಿದರೆ ಕಾರಣಗಳನ್ನು ಲಿಖಿತವಾಗಿ ಪಡೆಯುವುದು 56ನೇ ಪ್ರಕರಣದ ಪ್ರಕಾರ ಮಾಲೀಕರ ಹಕ್ಕು. ಅದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಚಾಲಕರು ಬಾಯಿಮಾತಿನಲ್ಲಿ ಹೇಳಿದ್ದನ್ನು ಕೇಳಿ ಮೆಕ್ಯಾನಿಕ್ ಬೇರೆ ಭಾಗವನ್ನು ಬಿಚ್ಚಿದ ಪ್ರಸಂಗಗಳುಂಟು. ಆ ಪತ್ರವನ್ನೇ ಗ್ಯಾರೇಜಿನಲ್ಲಿ ತೋರಿಸುವುದು ಒಳಿತು. ಆದೇಶದಿಂದ ಬಾಧಿತರಾದವರು ಅದು ತಲುಪಿದ 30 ದಿನಗಳೊಳಗೆ 57ನೇ ಪ್ರಕರಣದ ಅನ್ವಯ ಮೇಲ್ಮನವಿ ಸಲ್ಲಿಸಬಹುದು. ಅರ್ಹತಾ ಪತ್ರ ಚಾಲ್ತಿಯಲ್ಲಿರುವಾಗಲೂ ವಾಹನವು ನಿಯಮಗಳಿಗೆ ಅನುಗುಣವಾಗಿಲ್ಲವೆಂದು ಕಂಡುಬಂದರೆ ಕಾರಣ ದಾಖಲಿಸಿ ಅದನ್ನು ರದ್ದುಪಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಆಗ ಹೊಸ ಪತ್ರ ದೊರೆಯುವವರೆಗೆ ನೋಂದಣಿ ಮತ್ತು ರಹದಾರಿ ಅಮಾನತಿನಲ್ಲಿರುತ್ತವೆ.

ಮರು ತಪಾಸಣೆಗೆ ಬರುವಾಗ ನಿರಾಕರಣೆಯ ಪತ್ರ, ಬದಲಾಯಿಸಿದ ಬಿಡಿಭಾಗಗಳ ರಸೀದಿ ಹಾಗೂ ವಾಹನದ ಮೂಲ ದಾಖಲೆಗಳನ್ನು ತರತಕ್ಕದ್ದು. ಹೆಚ್ಚಿನ ವಿವರಗಳಿಗೆ ಗದಗದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.